ಅಕ್ವೇರಿಯಂ ಪಂಪ್‌ನ ಇಎಂಎಫ್‌ಗೆ ಹೆದರಿ ಅದನ್ನು ನೆಲಕ್ಕೆ ಇಳಿಸಬೇಡಿ

ತೊಟ್ಟಿಲಿನ ಪಕ್ಕ ಮೀನಿನ ಟ್ಯಾಂಕ್ ಉಂಟು, ಪಂಪ್‌ನ ಇಎಂಎಫ್‌ನಿಂದ (ಕರೆಂಟ್ ಹರಿಯುವ ವಸ್ತುವಿನ ಸುತ್ತ ಇರುವ ವಿದ್ಯುತ್-ಕಾಂತಕ್ಷೇತ್ರ) ಮಗುವಿಗೆ ತೊಂದರೆಯಾ, ಉದ್ದ ಟ್ಯೂಬ್ ಹಾಕಿ ಪಂಪನ್ನು ಕೋಣೆಯ ಹೊರಗೆ ನೆಲದ ಮೇಲೆ ಇಡಲಾ ಎಂದು ಕೇಳಿದ್ದೀರಿ. ದಯವಿಟ್ಟು ಇಡಬೇಡಿ. ನಾನು ಇಟ್ಟಿದ್ದೆ.

2019ರ ಜುಲೈ. ಮಂಗಳೂರಿನ ಬಿಜೈಯಲ್ಲಿ ಆಗ ನಮ್ಮದು ಹಳೆಯ ಹಂಚಿನ ಮನೆ. ಮಗಳಿಗೆ 8 ತಿಂಗಳು. ಎರಡು ಅಡಿಯ ಟ್ಯಾಂಕ್, ಕಬ್ಬಿಣದ ಸ್ಟ್ಯಾಂಡ್ ಮೇಲೆ, ತೊಟ್ಟಿಲಿನಿಂದ ಒಂದು ಮಾರು ದೂರ. ಐದು ಗೋಲ್ಡ್ ಫಿಶ್. ಗಾಳಿ ಪಂಪ್ ಟ್ಯಾಂಕಿನ ಮುಚ್ಚಳದ ಮೇಲೆಯೇ ಇತ್ತು. ಆ ಜಾಗ ಸರಿಯಾಗಿತ್ತು ಎಂದು ಈಗ ಗೊತ್ತು.

ಒಂದು ರಾತ್ರಿ ಮಗಳನ್ನು ಮಲಗಿಸಿ ಫೋನ್‌ನಲ್ಲಿ ಓದುತ್ತಾ ಕೂತೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಐಎಆರ್‌ಸಿ 2002ರಲ್ಲಿ ಕರೆಂಟ್ ವಯರ್‌ಗಳ ಸುತ್ತ ಇರುವಂಥ ಕಾಂತಕ್ಷೇತ್ರವನ್ನು 2ಬಿ ಗುಂಪಿಗೆ ಹಾಕಿದೆ, ಅಂದರೆ ಕ್ಯಾನ್ಸರ್ ತರಬಹುದೇನೋ ಎನ್ನುವ ಗುಂಪು. ಮನೆಯಲ್ಲಿ ಸರಾಸರಿ 0.3ರಿಂದ 0.4 ಮೈಕ್ರೋಟೆಸ್ಲಾ (ಕಾಂತಕ್ಷೇತ್ರದ ಅಳತೆ) ದಾಟಿದ ಕಡೆ ಮಕ್ಕಳಲ್ಲಿ ರಕ್ತದ ಕ್ಯಾನ್ಸರ್ ಸ್ವಲ್ಪ ಜಾಸ್ತಿ ಕಂಡಿದೆ ಎಂದು ಕೆಲವು ಅಧ್ಯಯನಗಳು ಹೇಳಿದ್ದವು. 0.4 ಎಂಬ ಆ ಅಂಕಿ ತಲೆಯಲ್ಲಿ ಕೂತುಬಿಟ್ಟಿತು. ಕೂಡಲೇ ಕಾಂತಕ್ಷೇತ್ರ ಅಳೆಯುವ ಆ್ಯಪ್ ಒಂದನ್ನು ಹಾಕಿಕೊಂಡು ತೊಟ್ಟಿಲಿನ ಹತ್ತಿರ ಫೋನ್ ಹಿಡಿದೆ. 42 ಎಂದು ತೋರಿಸಿತು. ಪಂಪ್‌ಗೆ ತಾಗಿಸಿದರೆ 300 ದಾಟಿತು. 0.4 ಎಲ್ಲಿ, 42 ಎಲ್ಲಿ! ನೂರು ಪಟ್ಟು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನೀವು ಬರೆದ ಸಾಲುಗಳಲ್ಲಿ ಅದೇ ಭಯ ಕಾಣುತ್ತಿದೆ. ಅದಕ್ಕೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ಬೆಳಿಗ್ಗೆ ಎದ್ದವನೇ ಅಂಗಡಿಗೆ ಹೋಗಿ ಮೂರು ಮೀಟರ್ ಟ್ಯೂಬ್ ತಂದೆ. ಪಂಪನ್ನು ಬಾಗಿಲಿನ ಹೊರಗೆ, ಚಾವಡಿಯ ಮೂಲೆಯಲ್ಲಿ, ನೆಲದ ಮೇಲೆ ಇಟ್ಟೆ. ಅಲ್ಲಿ ಪ್ಲಗ್ ಪಾಯಿಂಟ್ ಇರಲಿಲ್ಲ. ಎಕ್ಸ್‌ಟೆನ್ಶನ್ ಬಾಕ್ಸ್ ಎಳೆದು ತಂದು ಅದನ್ನೂ ಪಂಪಿನ ಪಕ್ಕ ನೆಲದ ಮೇಲೆಯೇ ಇಟ್ಟೆ. ಮಗುವಿನಿಂದ ದೂರ ಆಯಿತಲ್ಲ, ಅಷ್ಟು ಸಾಕು ಎಂದು ಸಮಾಧಾನ ಆಯಿತು.

ಇಲ್ಲಿ ನಾನು ಮಾಡಿದ ತಪ್ಪನ್ನು ಬಿಡಿಸಿ ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದಿ. ಟ್ಯಾಂಕಿನ ನೀರಿನ ಮಟ್ಟ ನೆಲದಿಂದ ಹೆಚ್ಚುಕಡಿಮೆ ಮೂರೂವರೆ ಅಡಿ ಎತ್ತರದಲ್ಲಿತ್ತು. ಪಂಪ್ ಈಗ ನೆಲದಲ್ಲಿ. ಎರಡಕ್ಕೂ ನಡುವೆ ಒಂದು ಸಣ್ಣ ಟ್ಯೂಬ್. ಪಂಪ್ ಓಡುವಷ್ಟು ಹೊತ್ತು ಗಾಳಿಯ ಒತ್ತಡಕ್ಕೆ ನೀರು ಟ್ಯೂಬ್ ಒಳಗೆ ಬರುವುದಿಲ್ಲ. ಕರೆಂಟ್ ಹೋದ ಕೂಡಲೇ ಒತ್ತಡ ಇಲ್ಲ. ನೀರು ಟ್ಯೂಬಿನೊಳಗೆ ರಭಸದಿಂದ ಏರುತ್ತದೆ. ನಾನು ಟ್ಯಾಂಕನ್ನು ಕಂಠಪೂರ್ತಿ ತುಂಬಿಸುವವನು. ಟ್ಯೂಬ್ ಬಾಗುವ ಜಾಗ ನೀರಿಗಿಂತ ಒಂದು ಬೆರಳು ಮೇಲೆ, ಅಷ್ಟೇ. ನೀರು ಆ ಬಾಗು ದಾಟಿತೋ, ಮತ್ತೆ ನಿಲ್ಲುವುದಿಲ್ಲ. ಡ್ರಮ್‌ಗೆ ಪೈಪ್ ಹಾಕಿ ಬಾಯಲ್ಲಿ ಎಳೆದು ನೀರು ಇಳಿಸುತ್ತೇವಲ್ಲ, ಅದೇ. ಒಮ್ಮೆ ಶುರುವಾದರೆ, ಟ್ಯಾಂಕಿನೊಳಗೆ ಟ್ಯೂಬಿನ ತುದಿಯಲ್ಲಿ ಗುಳ್ಳೆ ಬಿಡುವ ಕಲ್ಲು ಇರುತ್ತದಲ್ಲ, ಅದರ ಮಟ್ಟದವರೆಗೆ ನೀರು ಇಳಿಯುತ್ತಲೇ ಇರುತ್ತದೆ. ಪಂಪ್ ಒಳಗಿನ ರಬ್ಬರ್ ಹಳತಾಗಿದ್ದರೆ ಅದು ನೀರನ್ನು ತಡೆಯುವುದಿಲ್ಲ. ನನ್ನದು ನಾಲ್ಕು ವರ್ಷ ಹಳೆಯದು.

ಇದನ್ನು ತಡೆಯಲು ಟ್ಯೂಬಿನ ಮಧ್ಯೆ ಹಾಕುವ ಒಂದು ಪುಟ್ಟ ವಸ್ತು ಉಂಟು, ನಾನ್ ರಿಟರ್ನ್ ವಾಲ್ವ್. ಗಾಳಿಯನ್ನು ಒಂದೇ ಕಡೆಗೆ ಬಿಡುತ್ತದೆ, ನೀರನ್ನು ಹಿಂದೆ ಬರಲು ಬಿಡುವುದಿಲ್ಲ. ಹೆಬ್ಬೆರಳಿನ ಉಗುರಿನಷ್ಟು ದೊಡ್ಡದು, ಬೆಲೆ ಒಂದು ಊಟಕ್ಕಿಂತ ಕಡಿಮೆ. ಪಂಪ್ ಮೇಲಿದ್ದಾಗ ಅದು ಇಲ್ಲದೆ ನಡೆಯುತ್ತಿತ್ತು. ಕೆಳಗೆ ಇಳಿಸಿದ ದಿನವೇ ಅದು ಬೇಕೇ ಬೇಕಿತ್ತು. ಅಂತಹದ್ದು ಉಂಟು ಎಂದೇ ನನಗೆ ಗೊತ್ತಿರಲಿಲ್ಲ. ಇಎಂಎಫ್ ಬಗ್ಗೆ ರಾತ್ರಿಯಿಡೀ ಓದಿದವನು, ಪಂಪಿನ ಪೆಟ್ಟಿಗೆಯೊಳಗೆ ಬಂದ ಸೂಚನೆಯ ಚೀಟಿ ಬಿಡಿಸಿ ನೋಡಿರಲಿಲ್ಲ. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿ ಎಂದು ಚಿತ್ರ ಸಮೇತ ಅದರಲ್ಲಿತ್ತು.

ಹನ್ನೊಂದು ದಿನ ಏನೂ ಆಗಲಿಲ್ಲ. ಹನ್ನೆರಡನೆಯ ರಾತ್ರಿ ಗಾಳಿಮಳೆ. ಎರಡು ಗಂಟೆಯ ಹೊತ್ತಿಗೆ ಕರೆಂಟ್ ಹೋಯಿತು. ಮಳೆಗಾಲದಲ್ಲಿ ನಮ್ಮ ಕಡೆ ಅದು ಹೊಸತಲ್ಲ, ಮಗ್ಗುಲು ಬದಲಿಸಿ ಮಲಗಿದೆ. ಅಮ್ಮ ಎಂದಿನಂತೆ ಐದು ಗಂಟೆಗೆ ಎದ್ದರು. ಕತ್ತಲಲ್ಲಿ ಬರಿಗಾಲಲ್ಲಿ ಚಾವಡಿಗೆ ಬಂದಾಗ ಕಾಲಿಗೆ ನೀರು ತಾಗಿತು. ಮಾಡು ಸೋರಿದೆ ಎಂದುಕೊಂಡರಂತೆ. ಟಾರ್ಚ್ ಹಾಕಿ ನೋಡಿದರೆ ಎಕ್ಸ್‌ಟೆನ್ಶನ್ ಬಾಕ್ಸ್ ನೀರಲ್ಲಿ ಕೂತಿದೆ. ಹಾಳಾಗುತ್ತದೆ ಎಂದು ಬಗ್ಗಿ ಎತ್ತಿಕೊಂಡರು. ಹೇಗೂ ಕರೆಂಟ್ ಇಲ್ಲವಲ್ಲ.

ಬಾಕ್ಸ್ ಅವರ ಕೈಯಲ್ಲಿದ್ದಾಗಲೇ ಕರೆಂಟ್ ಬಂತು.

ಅವರ ಕೂಗು ಕೇಳಿ ಓಡಿ ಬಂದೆ. ಬಾಕ್ಸ್ ಒಂದು ಕಡೆ, ಅಮ್ಮ ಗೋಡೆಯ ಬುಡದಲ್ಲಿ. ಮೇನ್ ಸ್ವಿಚ್ ಇಳಿಸಿದ ಮೇಲೆಯೇ ಮುಟ್ಟಿದೆ, ಅಷ್ಟು ಬುದ್ಧಿ ಆ ಕ್ಷಣದಲ್ಲಿ ಉಳಿದಿತ್ತು. ಎಡಗೈಯ ಮಣಿಕಟ್ಟು ಮುರಿದಿತ್ತು. ಬಲಗೈಯ ಎರಡು ಬೆರಳು ಸುಟ್ಟಿದ್ದವು. ಆರು ವಾರ ಪ್ಲಾಸ್ಟರ್. ಬಾಕ್ಸ್ ಕೈಯಿಂದ ಜಾರಿ ಬಿದ್ದದ್ದಕ್ಕೆ ಜೀವ ಉಳಿಯಿತು ಎಂದರು ಡಾಕ್ಟರ್. ಕೈ ಬಿಗಿದು ಹಿಡಿದುಕೊಂಡುಬಿಟ್ಟಿದ್ದರೆ ಕಥೆಯೇ ಬೇರೆ. ಆಸ್ಪತ್ರೆಯಲ್ಲಿ ಅಮ್ಮ ಕೇಳಿದ್ದು, "ಮೀನುಗಳು ಎಂತಾದವು ಮಗಾ?" ಎಂದು. ಎರಡು ಸತ್ತಿದ್ದವು. ಹೇಳಲು ಬಾಯಿ ಬರಲಿಲ್ಲ.

ಎಲೆಕ್ಟ್ರಿಷಿಯನ್ ಅಣ್ಣ ಬಂದವರು ಮೊದಲು ಕೇಳಿದ್ದೇ, "ನೀರಿಗಿಂತ ಕೆಳಗೆ ಪಂಪ್ ಇಟ್ಟದ್ದು ಯಾಕೆ ಸಾರ್?" ಎಂದು. ರೇಡಿಯೇಷನ್ ಎಂದೆ. ಅವರು ನನ್ನ ಫೋನ್ ಈಸಿಕೊಂಡು ಅಂಗಳಕ್ಕೆ ಹೋಗಿ ಬಾವಿಕಟ್ಟೆಯ ಹತ್ತಿರ ಹಿಡಿದರು. ಅಲ್ಲಿ ಒಂದು ವಯರ್ ಕೂಡ ಇಲ್ಲ. ಆ್ಯಪ್ 41 ತೋರಿಸಿತು. "ಇದು ಭೂಮಿಯದ್ದು. ಮೊಬೈಲ್‌ನಲ್ಲಿ ದಿಕ್ಕು ತೋರಿಸುತ್ತದಲ್ಲ, ಅದೇ ಇದು" ಎಂದರು.

ಅದು ನಿಜ. ಭೂಮಿಯ ಕಾಂತಕ್ಷೇತ್ರ ನಮ್ಮ ಮಂಗಳೂರಿನ ಕಡೆ ಸುಮಾರು 40 ಮೈಕ್ರೋಟೆಸ್ಲಾ. ಫೋನ್‌ನ ಸೆನ್ಸರ್ ಇರುವುದೇ ಅದನ್ನು ನೋಡಲು. ಭೂಮಿಯದ್ದು ಅಲುಗಾಡದೆ ನಿಂತ ಕ್ಷೇತ್ರ. ನಾನು ಓದಿದ 0.4 ಎನ್ನುವುದು ಕರೆಂಟ್‌ನಿಂದ ಬರುವ, ಸೆಕೆಂಡಿಗೆ 50 ಸಲ ಏರಿಳಿಯುವ ಕ್ಷೇತ್ರದ ಲೆಕ್ಕ. ಎರಡನ್ನೂ ಹೋಲಿಸುವಂತೆಯೇ ಇಲ್ಲ. ಹಾಗಾದರೆ ಪಂಪಿನ ಹತ್ತಿರ 300 ಯಾಕೆ? ಅದರೊಳಗೆ ಒಂದು ಶಾಶ್ವತ ಅಯಸ್ಕಾಂತ ಉಂಟು. ಕಾಯಿಲ್ (ಕರೆಂಟ್ ಹರಿಯುವ ತಂತಿಯ ಸುರುಳಿ) ಅದನ್ನು ಆ ಕಡೆ ಈ ಕಡೆ ಎಳೆದು ರಬ್ಬರ್ ಒತ್ತುತ್ತದೆ, ಗಾಳಿ ಬರುತ್ತದೆ. ಫೋನ್ ನೋಡಿದ್ದು ಆ ಅಯಸ್ಕಾಂತವನ್ನು. ಪಂಪ್ ಸ್ವಿಚ್ ಆಫ್ ಮಾಡಿದ್ದರೂ ಆ್ಯಪ್ ಅಷ್ಟೇ ತೋರಿಸುತ್ತಿತ್ತು. ಆ ಒಂದು ಸ್ವಿಚ್ ಆಫ್ ಮಾಡಿ ನೋಡುವ ಯೋಚನೆ ನನಗೆ ಬರಲಿಲ್ಲ. ಅರ್ಧ ನಿಮಿಷದ ಕೆಲಸ ಮಾರಾಯ್ರೆ! ಅದು ಮಾಡಿದ್ದರೆ ಟ್ಯೂಬ್ ತರಲು ಹೋಗುತ್ತಲೇ ಇರಲಿಲ್ಲ.

ಆಮೇಲೆ ಕಾಲೇಜಿನಲ್ಲಿ ಪಾಠ ಮಾಡುವ ಗೆಳೆಯನಿಂದ ಸರಿಯಾದ ಮೀಟರ್ ತಂದು ತೊಟ್ಟಿಲಲ್ಲಿ ಇಟ್ಟು ನೋಡಿದೆ. ಪಂಪ್ ಆನ್ ಇದ್ದರೂ ಆಫ್ ಇದ್ದರೂ ಒಂದೇ ಅಂಕಿ. ಇಷ್ಟು ಸಣ್ಣ ಕಾಯಿಲ್‌ನ ಕ್ಷೇತ್ರ ದೂರ ಹೋಗುವುದಿಲ್ಲ. ದೂರ ಎರಡು ಪಟ್ಟಾದರೆ ಅದು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಹತ್ತು ಸೆಂಟಿಮೀಟರ್‌ನಲ್ಲಿ ಇದ್ದದ್ದು ಎಂಬತ್ತು ಸೆಂಟಿಮೀಟರ್‌ಗೆ ಬರುವಾಗ ಐನೂರನೇ ಒಂದು ಭಾಗವೂ ಉಳಿದಿರುವುದಿಲ್ಲ. ಅಂದರೆ ತೊಟ್ಟಿಲಿನಿಂದ ಒಂದು ಮಾರು ದೂರ ಎಂಬುದು ಮೊದಲೇ ಬೇಕಾದಷ್ಟು ದೂರ. ಜನಸಾಮಾನ್ಯರಿಗೆ 50 ಹರ್ಟ್ಜ್‌ನಲ್ಲಿ ಐಸಿಎನ್‌ಐಆರ್‌ಪಿ (ಇಂಥ ಕ್ಷೇತ್ರಗಳಿಗೆ ಸುರಕ್ಷತೆಯ ಮಿತಿ ಹೇಳುವ ಅಂತರರಾಷ್ಟ್ರೀಯ ಸಂಸ್ಥೆ) 2010ರಲ್ಲಿ ಇಟ್ಟ ಮಿತಿ 200 ಮೈಕ್ರೋಟೆಸ್ಲಾ. ಆ 0.4ರ ವಿಷಯಕ್ಕೆ ಬಂದರೆ, ಅದು ಮನೆಯಲ್ಲಿ ಹಗಲು ರಾತ್ರಿಯ ಸರಾಸರಿ. ಕಾಂತಕ್ಷೇತ್ರವೇ ಕಾರಣ ಎನ್ನುವಷ್ಟು ಗಟ್ಟಿ ಪುರಾವೆ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿದೆ. ಅದೇ 2ಬಿ ಗುಂಪಿನಲ್ಲಿ ಲೋಳೆಸರದ ಇಡೀ ಎಲೆಯ ಸಾರವೂ ಉಂಟು.

ಹಾಗಾಗಿ "ಎಷ್ಟು ದೂರ ಇಡಬೇಕು" ಎನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕೇಳಬೇಕಾದದ್ದು "ಎಷ್ಟು ಎತ್ತರ ಇಡಬೇಕು" ಎಂದು. ನೀರಿನ ಮಟ್ಟಕ್ಕಿಂತ ಮೇಲೆ. ಜಾಗ ಇಲ್ಲದಿದ್ದರೆ ಗೋಡೆಗೆ ಒಂದು ಮೊಳೆ ಹೊಡೆದು ನೇತುಹಾಕಿ. ಮೇಲೆ ಇಟ್ಟರೂ ವಾಲ್ವ್ ಹಾಕಿ. ಅದರ ಮೇಲೆ ಬಾಣದ ಗುರುತು ಇರುತ್ತದೆ, ಬಾಣ ಟ್ಯಾಂಕಿನ ಕಡೆಗೆ ಇರಬೇಕು.

ಇನ್ನೊಂದು, ಮನೆಯಲ್ಲಿ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್, ಉಂಟಾ ನೋಡಿ. ಈಗಲೂ ತುಂಬಾ ಜನ ಇಎಲ್‌ಸಿಬಿ ಎಂದೇ ಕರೆಯುತ್ತಾರೆ. 30 ಮಿಲಿಆಂಪಿಯರ್‌ನದ್ದೇ ಬೇಕು. ನಮ್ಮ ಮನೆಯಲ್ಲಿ ಹಳೆಯ ಫ್ಯೂಸ್ ಮಾತ್ರ ಇತ್ತು. ಅಮ್ಮನಿಗೆ ಶಾಕ್ ಹೊಡೆದಾಗ ಅದು ಹೋಗಲೇ ಇಲ್ಲ. ಯಾಕೆಂದರೆ ಫ್ಯೂಸ್ ಆಗಲಿ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್) ಆಗಲಿ ವಯರ್ ಸುಡದಂತೆ ನೋಡುತ್ತದೆ, ಮನುಷ್ಯನನ್ನಲ್ಲ. 16 ಆಂಪಿಯರ್‌ನ ಎಂಸಿಬಿಗೆ ಜೀವ ತೆಗೆಯುವಷ್ಟು ಕರೆಂಟ್ ಲೆಕ್ಕಕ್ಕೇ ಇಲ್ಲ, 0.1 ಆಂಪಿಯರ್ ಸಾಕು ಮನುಷ್ಯ ಹೋಗಲು. ಹೋದಷ್ಟು ಕರೆಂಟ್ ವಾಪಸ್ ಬಂತಾ ಎಂದು ನೋಡಿ ಕೂಡಲೇ ಕಡಿಯುವುದು ಆರ್‌ಸಿಸಿಬಿ. ಅದರ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ. ಅರ್ತಿಂಗ್ ಕೂಡ ನೋಡಿಸಿ. ನಮ್ಮ ಮುರಕಲ್ಲಿನ ನೆಲ ಏಪ್ರಿಲ್-ಮೇಯಲ್ಲಿ ಒಣಗಿ ಅರ್ತ್ ಹಿಡಿಯುವುದಿಲ್ಲ, ಅರ್ತ್ ಗುಂಡಿಗೆ ನೀರು ಹಾಕುತ್ತಿರಬೇಕು. ಪ್ಲಗ್ಗಿನ ಪಿನ್‌ಗೆ ಉಪ್ಪು ಗಾಳಿಯಿಂದ ಹಸಿರು ಕಿಲುಬು ಬಂದಿದ್ದರೆ ಪ್ಲಗ್ ಬದಲಿಸಿ.

ವಯರ್ ಟ್ಯಾಂಕಿನಿಂದ ನೇರ ಪ್ಲಗ್‌ಗೆ ಹೋಗಬಾರದು. ಪ್ಲಗ್‌ಗಿಂತ ಕೆಳಗೆ ಜೋತು ಬಿದ್ದು ಮತ್ತೆ ಮೇಲೆ ಹೋಗಬೇಕು. ಆಗ ವಯರ್ ಮೇಲೆ ಹರಿದು ಬಂದ ನೀರು ಕೆಳಗಿನ ತುದಿಯಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ ಮುಟ್ಟುವುದಿಲ್ಲ. ಕೈ ಹಾಕುವ ಮೊದಲು ಟ್ಯಾಂಕಿನ ಎಲ್ಲ ಪ್ಲಗ್ ಕಿತ್ತು ಇಡಿ. ಸ್ವಿಚ್ ಮಾತ್ರ ಆಫ್ ಮಾಡಿದರೆ ನನಗೆ ಸಮಾಧಾನ ಇಲ್ಲ.

ರಾತ್ರಿ ಪಂಪ್ ಆಫ್ ಮಾಡಿಟ್ಟರೆ ಹೇಗೆ ಎಂದೂ ಕೇಳಿದ್ದೀರಿ. ಬೇಡ. ರಾತ್ರಿ ಟ್ಯಾಂಕಿನ ಗಿಡಗಳೂ ಆಮ್ಲಜನಕ ತೆಗೆದುಕೊಳ್ಳುತ್ತವೆ, ಮೀನು ಜಾಸ್ತಿ ಇದ್ದರೆ ಬೆಳಿಗ್ಗೆ ಬಾಯಿ ತೆರೆದು ಮೇಲೆ ಬಂದಿರುತ್ತವೆ. ಇಎಂಎಫ್ ತಡೆಯುವ ಸ್ಟಿಕ್ಕರ್ ಎಂದು ಯಾರಾದರೂ ಮಾರಲು ಬಂದರೆ ಆ ದುಡ್ಡಲ್ಲಿ ಆರ್‌ಸಿಸಿಬಿ ತನ್ನಿ. ಪಂಪಿನ ಗುಂಯ್ ಶಬ್ದಕ್ಕೆ ಮಗು ಎಚ್ಚರ ಆಗುತ್ತಿದ್ದರೆ ಅದು ಬೇರೆ ಮಾತು. ಹಾಗಿದ್ದರೆ ಇಡೀ ಟ್ಯಾಂಕನ್ನೇ ಚಾವಡಿಗೆ ತನ್ನಿ, ಪಂಪ್ ಒಂದನ್ನೇ ಅಲ್ಲ.

ನಿಮ್ಮ ಪಂಪ್ ಈಗಾಗಲೇ ನೆಲದ ಮೇಲೆ ಉಂಟಾ? ಇವತ್ತು ರಾತ್ರಿಯೇ, ಮೊದಲು ಗೋಡೆಯ ಸ್ವಿಚ್ ಆಫ್ ಮಾಡಿ ಪ್ಲಗ್ ಕೀಳಿ, ಕೂಡಲೇ ಪಂಪನ್ನು ಟ್ಯಾಂಕಿಗಿಂತ ಮೇಲೆ ಎತ್ತಿಡಿ. ವಾಲ್ವ್ ನಾಳೆ ತಂದರೂ ಆಗುತ್ತದೆ.