ಬಾಯಿಮಾತಿಗೆ ಒಪ್ಪಬೇಡಿ, ಬರೆದು ಕೊಡಿ ಅನ್ನಿ

ವಿಕಲಚೇತನ ಮಕ್ಕಳನ್ನು ಬೆಳೆಸುತ್ತಿರುವ ಓದುಗರ ಪ್ರಶ್ನೆಗಳಿಗೆ ಧಾರವಾಡದ ವಿಶೇಷ ಶಿಕ್ಷಕಿಯ ಉತ್ತರ

ಪ್ರಶ್ನೆ: ನನ್ನ ಮಗನಿಗೆ 7 ವರ್ಷ. ಸೆರೆಬ್ರಲ್ ಪಾಲ್ಸಿ ಇದೆ. ಮಿದುಳಿನ ಪೆಟ್ಟಿನಿಂದ ಕೈಕಾಲು ಹಿಡಿತಕ್ಕೆ ಬರುವುದಿಲ್ಲ, ಗೋಡೆ ಹಿಡಿದು ನಡೆಯುತ್ತಾನೆ. ಮಾತು ತೊದಲು, ಆದರೆ ಎಲ್ಲಾ ತಿಳಿಯುತ್ತದೆ. ಸಂತೆಯ ಲೆಕ್ಕ ಬಾಯಲ್ಲೇ ಹೇಳುತ್ತಾನೆ. ಊರಿನ ಸರ್ಕಾರಿ ಶಾಲೆಗೆ ಹಚ್ಚಲು ಹೋದರೆ ಹೆಡ್ ಮಾಸ್ತರು ‘ಉಳಿದ ಹುಡುಗರಿಗೆ ತ್ರಾಸ ಆಗ್ತದ, ಸ್ಪೆಷಲ್ ಸಾಲಿಗೆ ಹಾಕ್ರಿ’ ಅಂದರು. ಅತ್ತೆ ‘ಮಾಸ್ತರ ಕೂಡ ಜಗಳ ಯಾಕ, ಮನ್ಯಾಗ ಇರಲಿ ಬಿಡು’ ಅನ್ನುತ್ತಾರೆ. ಏನು ಮಾಡಲಿ?
– ಒಬ್ಬ ತಾಯಿ, ರಾಣೆಬೆನ್ನೂರು ತಾಲ್ಲೂಕು

ಉತ್ತರ: ತಂಗೀ, ಮೊದಲು ಒಂದು ಮಾತು. ಮಾಸ್ತರು ನಿಮಗೆ ಬರೆದು ಏನನ್ನೂ ಕೊಟ್ಟಿಲ್ಲ ಅಲ್ವಾ? ಹಾಗಾದರೆ ಕಾಗದದ ಮೇಲೆ ನಿಮ್ಮ ಮಗನನ್ನು ಯಾರೂ ಬೇಡ ಅಂದಿಲ್ಲ. ನಮ್ಮ ಕಡೆ ಎಷ್ಟೋ ಮಕ್ಕಳು ಶಾಲೆ ತಪ್ಪಿಸಿಕೊಳ್ಳುವುದು ಹೀಗೇ. ಬಾಗಿಲಲ್ಲಿ ಒಂದು ಮಾತು ಹೇಳುತ್ತಾರೆ, ತಾಯಿ ಮಗುವನ್ನು ಎತ್ತಿಕೊಂಡು ಮನೆಗೆ ಬರುತ್ತಾಳೆ. ಮುಂದೆ ಯಾರಾದರೂ ಕೇಳಿದರೆ ‘ಅವರು ಬರಲೇ ಇಲ್ಲ’ ಅನ್ನುತ್ತಾರೆ.

ಕಾನೂನು ನಿಮ್ಮ ಕಡೆಗಿದೆ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ ಕಲಂ 16ರ ಪ್ರಕಾರ, ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆ ತಾರತಮ್ಯ ಮಾಡದೆ ಇಂಥ ಮಕ್ಕಳನ್ನು ಸೇರಿಸಿಕೊಳ್ಳಬೇಕು. ಕಲಂ 31 ಇನ್ನೂ ಸ್ಪಷ್ಟ. ಶೇ 40 ಅಥವಾ ಅದಕ್ಕಿಂತ ಜಾಸ್ತಿ ವೈಕಲ್ಯ ಇರುವ 6ರಿಂದ 18 ವರ್ಷದ ಮಗುವಿಗೆ ಉಚಿತ ಶಿಕ್ಷಣದ ಹಕ್ಕಿದೆ. ಅದೂ ಹತ್ತಿರದ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಅನ್ನುವ ಆಯ್ಕೆ ನಿಮ್ಮದು, ಮಾಸ್ತರದಲ್ಲ.

ಈಗ ಒಂದು ಹಾಳೆ ತೆಗೆದುಕೊಳ್ಳಿ. ದೊಡ್ಡ ಭಾಷೆ ಬೇಡ. ಇಷ್ಟು ಬರೆದರೆ ಸಾಕು:

‘ಮುಖ್ಯೋಪಾಧ್ಯಾಯರಿಗೆ. ನನ್ನ ಮಗ 7 ವರ್ಷದವನು. ಅವನಿಗೆ ಸೆರೆಬ್ರಲ್ ಪಾಲ್ಸಿ ಇದೆ. ಇಂಥ ದಿನಾಂಕದಂದು ಒಂದನೇ ತರಗತಿಗೆ ಸೇರಿಸಲು ಬಂದಾಗ ತಾವು ಬಾಯಿಮಾತಿನಲ್ಲಿ ನಿರಾಕರಿಸಿದಿರಿ. 2016ರ ಕಾಯ್ದೆಯ ಕಲಂ 16 ಮತ್ತು 31ರ ಪ್ರಕಾರ ಅವನನ್ನು ಸೇರಿಸಿಕೊಳ್ಳಬೇಕೆಂದು ಕೋರುತ್ತೇನೆ. ಆಗುವುದಿಲ್ಲ ಎಂದಾದರೆ ಕಾರಣವನ್ನು ಬರೆದು ಕೊಡಿ.’

ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಶಾಲೆಯ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ತೆಗೆದುಕೊಳ್ಳಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಆ ಕೊನೆಯ ವಾಕ್ಯವನ್ನು ಮಾತ್ರ ಬಿಡಬೇಡಿ. ‘ಆಗಲ್ಲ’ ಅಂತ ಹೇಳುವುದು ಸುಲಭ, ಅದನ್ನೇ ಬರೆದು ಸಹಿ ಹಾಕಲು ಯಾರ ಕೈಯೂ ಸುಲಭಕ್ಕೆ ಏಳುವುದಿಲ್ಲ. ಅದಕ್ಕೂ ಬಗ್ಗದಿದ್ದರೆ ಇದೇ ಪ್ರತಿಯನ್ನು ತಾಲ್ಲೂಕಿನ ಶಿಕ್ಷಣಾಧಿಕಾರಿ ಬಿಇಒ ಕಚೇರಿಗೆ ಕೊಡಿ, ಆಮೇಲೆ ಜಿಲ್ಲೆಯ ಶಿಕ್ಷಣಾಧಿಕಾರಿ ಡಿಡಿಪಿಐ, ಆಮೇಲೆ ಬೆಂಗಳೂರಿನ ವಿಕಲಚೇತನರ ರಾಜ್ಯ ಆಯುಕ್ತರು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಇಂಥ ಮಕ್ಕಳಿಗೆ ವಕೀಲರ ನೆರವು ಪುಕ್ಕಟೆ ಸಿಗುತ್ತದೆ. ಅಲ್ಲಿಯವರೆಗೆ ಹೋಗುವ ಪ್ರಸಂಗ ಕಡಿಮೆ.

ಇದು ಜಗಳ ಅಲ್ಲ ಅಂತ ಅತ್ತೆಯವರಿಗೆ ಹೇಳಿ. ಮಾಸ್ತರ ಮೇಲೆ ದೂರೂ ಅಲ್ಲ. ಅವರ ಭಯವನ್ನೂ ಸ್ವಲ್ಪ ಅರ್ಥ ಮಾಡಿಕೊಳ್ಳಬೇಕು. ‘ಉಳಿದ ಹುಡುಗರಿಗೆ ತ್ರಾಸ’ ಅಂದಾಗ ಮನಸ್ಸಿನಲ್ಲಿ ಇರುವುದು ಸಾಮಾನ್ಯವಾಗಿ ಎರಡೇ. ಬಿದ್ದು ಪೆಟ್ಟಾದರೆ ಯಾರು ಹೊಣೆ? ಸಂಡಾಸಕ್ಕೆ ಯಾರು ಕರೆದುಕೊಂಡು ಹೋಗುವುದು? ಇದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ಆದ್ದರಿಂದ ನೀವೇ ಮೊದಲು ಮಾತು ತೆಗೆಯಿರಿ. ಮನೆಯಿಂದ ಹೊರಡುವ ಮುಂಚೆ ಅವನಿಗೆ ಎಲ್ಲಾ ಮುಗಿಸಿ ಕಳಿಸುವ ರೂಢಿ ಮಾಡಿ. ಮಧ್ಯಾಹ್ನ ಊಟದ ಹೊತ್ತಿಗೆ ಮನೆಯಿಂದ ಒಬ್ಬರು ಬಂದು ಹೋಗುವುದಾಗಿ ಒಪ್ಪಿಕೊಳ್ಳಿ, ಶುರುವಿನ ಕೆಲವು ತಿಂಗಳ ಮಟ್ಟಿಗೆ. ಶೌಚಾಲಯದ ಗೋಡೆಗೆ ಒಂದು ಪೈಪಿನ ಹಿಡಿಕೆ ಹಾಕಿಸಿ ಅಂತ ಕೇಳಿ. ಗೋಡೆ ಹಿಡಿದು ನಡೆಯುವ ಹುಡುಗ ಹಿಡಿಕೆ ಇದ್ದರೆ ಬಹಳಷ್ಟು ತಾನೇ ನೋಡಿಕೊಳ್ಳುತ್ತಾನೆ.

ಇನ್ನು ಕೂರುವ ವಿಷಯ. ಇದಕ್ಕೆ ಯಾರೂ ಅಷ್ಟು ಗಮನ ಕೊಡುವುದಿಲ್ಲ, ನನ್ನ ಪ್ರಕಾರ ಅರ್ಧ ಶಾಲೆ ಇಲ್ಲೇ ಇದೆ. ಸೆರೆಬ್ರಲ್ ಪಾಲ್ಸಿ (ಸಿಪಿ) ಇರುವ ಮಗುವನ್ನು ನೆಲದ ಮೇಲೋ ಬೆಂಚಿನ ಮೇಲೋ ಕೂರಿಸಿದರೆ ಜಾರದಂತೆ ಕೂರುವುದರಲ್ಲೇ ಅವನ ಶಕ್ತಿ ಮುಗಿದು ಹೋಗುತ್ತದೆ. ಕೈ ಬಿಗಿಯುತ್ತದೆ, ಅಕ್ಷರ ಮೂಡುವುದಿಲ್ಲ. ಆಗ ‘ಹುಡುಗ ದಡ್ಡ’ ಅನ್ನುತ್ತಾರೆ. ಊರಿನ ಬಡಿಗೇರರಿಗೆ ಹೇಳಿ ಒಂದು ಕುರ್ಚಿ ಮಾಡಿಸಿ. ಎರಡೂ ಕಡೆ ಕೈ ಇರಲಿ. ಪಾದ ಪೂರ್ತಿ ಊರುವ ಹಾಗೆ ಕೆಳಗೊಂದು ಹಲಗೆ. ಮುಂದಕ್ಕೆ ಜಾರದ ಹಾಗೆ ತೊಡೆಗಳ ನಡುವೆ ಬಟ್ಟೆ ಸುತ್ತಿದ ಒಂದು ಗಿಡ್ಡ ಗೂಟ. ಮೇಜು ಅವನ ಮೊಣಕೈ ಎತ್ತರಕ್ಕೆ ಬರಬೇಕು. ಅಳತೆಯನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಕೇಳಿಕೊಂಡರೆ ಇನ್ನೂ ಒಳ್ಳೆಯದು. ಪೆನ್ಸಿಲ್‌ಗೆ ಹಳೆ ಸೈಕಲ್ ಟ್ಯೂಬಿನ ತುಂಡು ಸುತ್ತಿ ದಪ್ಪ ಮಾಡಿ, ಹಾಳೆಯನ್ನು ಕ್ಲಿಪ್ ಪ್ಯಾಡಿಗೆ ಸಿಕ್ಕಿಸಿ. ಬರೆಯುವುದು ತಡವಾದರೆ ಬಾಯಲ್ಲಿ ಉತ್ತರ ಹೇಳಲು ಬಿಡಿ ಅಂತ ಕೇಳಿ. ಸಂತೆಯ ಲೆಕ್ಕ ಹೇಳುವವನು ಅಲ್ವಾ?

ಕುರ್ಚಿಯ ದುಡ್ಡಿಗೆ ಪಂಚಾಯ್ತಿಯಲ್ಲಿ ಅರ್ಜಿ ಹಾಕಿ. ಗ್ರಾಮ ಪಂಚಾಯ್ತಿಗಳು ಅನುದಾನದಲ್ಲಿ ಶೇ 5ರಷ್ಟನ್ನು ವಿಕಲಚೇತನರಿಗೆ ಇಡಬೇಕು. ಪಂಚಾಯ್ತಿಗೆ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ವಿಆರ್‌ಡಬ್ಲ್ಯೂ ಅನ್ನುತ್ತಾರೆ. ಅವರ ಕೆಲಸವೇ ಇದು. ಹಾಗೆಯೇ ತಾಲ್ಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರ ಬಿಆರ್‌ಸಿಗೆ ಹೋಗಿ ಬಿಐಇಆರ್‌ಟಿ ಯಾರು ಅಂತ ಕೇಳಿ. ವಿಶೇಷ ಅಗತ್ಯದ ಮಕ್ಕಳಿಗಾಗಿಯೇ ಇರುವ ಸಂಪನ್ಮೂಲ ಶಿಕ್ಷಕರು ಅವರು. ಶಾಲೆಗೆ ಬಂದು ಮಾಸ್ತರಿಗೂ ತೋರಿಸಿಕೊಡುತ್ತಾರೆ.

ಇನ್ನೊಂದು ಅನುಕೂಲ ನಿಮಗೆ ತಾನಾಗಿಯೇ ಸಿಕ್ಕಿದೆ. ಸರ್ಕಾರಿ ಶಾಲೆಯ ನಲಿಕಲಿ ತರಗತಿಯಲ್ಲಿ ಎಲ್ಲರೂ ಒಂದೇ ಪಾಠದಲ್ಲಿ ಇರಬೇಕಿಲ್ಲ. ಕಲಿಕಾ ಏಣಿಯಲ್ಲಿ ಪ್ರತಿ ಮಗು ತನ್ನ ಮೆಟ್ಟಿಲಲ್ಲಿ ಇರುತ್ತದೆ, ತನ್ನ ವೇಗಕ್ಕೆ ಹತ್ತುತ್ತದೆ. ‘ನಮ್ಮ ಹುಡುಗ ಹಿಂದೆ ಬೀಳ್ತಾನೆ’ ಅನ್ನುವ ಮಾತಿಗೆ ಮೊದಲ ಮೂರು ವರ್ಷ ಅಲ್ಲಿ ಅರ್ಥವೇ ಇಲ್ಲ. ಮಾಸ್ತರಿಗೆ ಇದನ್ನು ನೆನಪಿಸಿ. ಖಾಸಗಿ ಶಾಲೆಯಲ್ಲಿ ಈ ಸೌಲಭ್ಯ ಹುಡುಕಿದರೂ ಸಿಗುವುದು ಕಷ್ಟ.

ವಿಶೇಷ ಶಾಲೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಸನ್ನೆ ಭಾಷೆ ಬೇಕಾದ ಮಕ್ಕಳಿಗೆ, ಜಾಸ್ತಿ ಬೆಂಬಲ ಬೇಕಾದವರಿಗೆ ಅದೇ ಸರಿಯಾಗಬಹುದು. ಎಲ್ಲಾ ತಿಳಿಯುವ 7 ವರ್ಷದ ಹುಡುಗನನ್ನು ಬರೀ ಕಾಲಿನ ಸಲುವಾಗಿ ದೂರದ ಹಾಸ್ಟೆಲಿಗೆ ಹಾಕುವುದು ನನಗೆ ಒಪ್ಪಿಗೆ ಇಲ್ಲ, ಅಷ್ಟೆ. ಮತ್ತೆ, ವ್ಯಾಯಾಮ ಬಿಡಬೇಡಿ. ಸಿಪಿಯಲ್ಲಿ ಮಿದುಳಿಗೆ ಆದ ಪೆಟ್ಟು ಬೆಳೆಯುವುದಿಲ್ಲ, ಆದರೆ ಮೂಳೆ ಬೆಳೆದ ಹಾಗೆ ಸ್ನಾಯು ಬಿಗಿಯುತ್ತಾ ಹೋಗುತ್ತದೆ. ಶಾಲೆ ಶುರುವಾಯಿತು ಅಂತ ಫಿಸಿಯೋಥೆರಪಿ ನಿಲ್ಲಿಸಿದ ಮಕ್ಕಳ ಹಿಮ್ಮಡಿ ಮೇಲೆದ್ದು ಬಿಡುತ್ತದೆ. ಶಕ್ತಿ ಯೋಜನೆಯಿಂದ ನಿಮಗಂತೂ ಬಸ್ ಟಿಕೆಟ್ ಇಲ್ಲ, ಮಗನಿಗೆ ವಿಕಲಚೇತನರ ರಿಯಾಯಿತಿ ಪಾಸ್ ಮಾಡಿಸಿ.

ಪ್ರಶ್ನೆ: ಮೂರು ವರ್ಷದ ಮಗಳು ಇನ್ನೂ ಮಾತಾಡುವುದಿಲ್ಲ. ತಟ್ಟೆ ಬಡಿದರೆ ತಿರುಗಿ ನೋಡುತ್ತಾಳೆ, ಹಾಗಾಗಿ ಕಿವಿ ಸರಿ ಇದೆ ಅಂದುಕೊಂಡಿದ್ದೇವೆ. ಮನೆಯಲ್ಲಿ ಉರ್ದು, ಅಂಗನವಾಡಿಯಲ್ಲಿ ಕನ್ನಡ. ಎರಡು ಭಾಷೆಯಿಂದ ಹೀಗಾಯಿತೇ? ‘ಅವರಪ್ಪನೂ ತಡಾನೇ ಮಾತಾಡಿದ್ದ’ ಅಂತ ಅಮ್ಮ ಹೇಳುತ್ತಾರೆ.
– ಒಬ್ಬ ತಂದೆ, ಹಳೇ ಹುಬ್ಬಳ್ಳಿ

ಉತ್ತರ: ಎರಡು ಭಾಷೆಯಿಂದ ಮಾತು ನಿಲ್ಲುವುದಿಲ್ಲ. ನಮ್ಮ ಹುಬ್ಬಳ್ಳಿಯಲ್ಲಿ ಮೂರು ಭಾಷೆ ಕೇಳುತ್ತಾ ಬೆಳೆದ ಮಕ್ಕಳೇ ಓಣಿ ತುಂಬಾ ಇದ್ದಾರೆ. ಉರ್ದು ಬಿಡಬೇಡಿ, ಅಜ್ಜಿಯ ಜೊತೆ ಮಾತು ಅದರಲ್ಲೇ ನಡೆಯಲಿ.

ತಟ್ಟೆಯ ಪರೀಕ್ಷೆಯನ್ನು ನಂಬಬೇಡಿ. ತಟ್ಟೆ, ಬಾಗಿಲು, ಲಾರಿ ಇವೆಲ್ಲ ಜೋರು ಸದ್ದು. ಅವು ಕೇಳಿಸುವ ಮಗುವಿಗೆ ‘ಸ’, ‘ಶ’ ಥರದ ಸಣ್ಣ ಸದ್ದು ಕೇಳಿಸದೇ ಇರಬಹುದು. ಮಾತು ಕಲಿಯಲು ಬೇಕಾಗಿರುವುದು ಆ ಸದ್ದುಗಳೇ. ಬೇರಾ ಅಂತ ಒಂದು ಪರೀಕ್ಷೆ ಇದೆ. ಮಗು ಮಲಗಿದ್ದಾಗ ತಲೆಗೆ ಸಣ್ಣ ತಂತಿ ಅಂಟಿಸಿ ನೋಡುತ್ತಾರೆ, ನೋವಿಲ್ಲ. ಹುಬ್ಬಳ್ಳಿಯ ಕೆಎಂಸಿಆರ್‌ಐ (ಮೊದಲಿನ ಕಿಮ್ಸ್) ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗಕ್ಕೆ ಹೋಗಿ ಕೇಳಿ. ಇಲ್ಲವೇ ಜಿಲ್ಲಾ ಆಸ್ಪತ್ರೆಯ ಡಿಇಐಸಿಗೆ ಹೋಗಿ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ಬೆಳವಣಿಗೆಯ ತೊಂದರೆ ನೋಡಲೆಂದೇ ಇರುವ ಕೇಂದ್ರ ಅದು.

ಕಿವಿ ಸರಿ ಇದ್ದರೆ ಅಲ್ಲಿಗೇ ನಿಲ್ಲಬೇಡಿ. ಹೆಸರು ಕರೆದರೆ ಮುಖ ನೋಡುತ್ತಾಳಾ? ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಾಳಾ, ಅಥವಾ ನಿಮ್ಮ ಕೈ ಹಿಡಿದು ಎಳೆದುಕೊಂಡು ಹೋಗುತ್ತಾಳಾ? ಸುಳ್ಳು ಸುಳ್ಳೇ ಅಡುಗೆ ಮಾಡುವ ಆಟ ಆಡುತ್ತಾಳಾ? ಇವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಡಾಕ್ಟರ ಎದುರು ಕೂತಾಗ ಅರ್ಧ ಮರೆತು ಹೋಗುತ್ತದೆ. ಆಟಿಸಂ ಅನುಮಾನ ಬಂದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ನಾಲಿಗೆಗೆ ಬಜೆ ತಿಕ್ಕುತ್ತಾ ಕಾಯುವುದು ಮಾತ್ರ ಬೇಡ. ಅಪ್ಪ ತಡವಾಗಿ ಮಾತಾಡಿದ್ದು ನಿಜವೇ ಇರಬಹುದು, ಆದರೂ ಪರೀಕ್ಷೆ ಮಾಡಿಸಿದರೆ ಕಳೆದುಕೊಳ್ಳುವುದೇನು?

ಪ್ರಶ್ನೆ: 9 ವರ್ಷದ ಮಗನಿಗೆ ದೃಷ್ಟಿ ಬಹಳ ಮಂದ. ಬಂಧುಗಳೆಲ್ಲ ‘ಆಶ್ರಮದಾಗ ಸಂಗೀತಕ್ಕ ಹಾಕ್ರಿ’ ಅನ್ನುತ್ತಾರೆ. ಅವನಿಗೆ ಗಣಿತ ಅಂದರೆ ಪ್ರಾಣ.
– ಗದಗ

ಉತ್ತರ: ಗದಗಿನಲ್ಲಿ ಈ ಸಲಹೆ ಬರದಿದ್ದರೇ ಆಶ್ಚರ್ಯ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದೆ ಮಾಡಿದ ಸಾಧನೆಗೆ, ವೀರೇಶ್ವರ ಪುಣ್ಯಾಶ್ರಮ ಎಷ್ಟೋ ಮಕ್ಕಳಿಗೆ ಕೊಟ್ಟ ಅನ್ನ-ವಿದ್ಯೆಗೆ ನಾನೂ ಕೈ ಮುಗಿಯುತ್ತೇನೆ. ಆದರೆ ಸಂಗೀತ ಬೇಕಾದವರಿಗೆ ಸಂಗೀತ. ಕಣ್ಣು ಮಂದ ಅಂದ ತಕ್ಷಣ ಹಾರ್ಮೋನಿಯಂ ಮುಂದೆ ಕೂರಿಸುವುದು ಅವನಿಗೂ ನ್ಯಾಯ ಅಲ್ಲ, ಸಂಗೀತಕ್ಕೂ ಅಲ್ಲ.

ಎಷ್ಟು ಕಾಣುತ್ತದೆ ಅನ್ನುವುದನ್ನು ಸರಿಯಾಗಿ ಅಳೆಸಿ. ಉಳಿದ ದೃಷ್ಟಿಗೆ ಭೂತಗನ್ನಡಿ, ದಪ್ಪಕ್ಷರದ ಪುಸ್ತಕ, ದಪ್ಪ ಗೆರೆಯ ನೋಟುಬುಕ್ಕು, ಕಪ್ಪು ಸ್ಕೆಚ್ ಪೆನ್, ಬೋರ್ಡಿನ ಹತ್ತಿರದ ಜಾಗ, ಇಷ್ಟರಲ್ಲೇ ಬಹಳ ಫರಕು ಬೀಳುತ್ತದೆ. ದೃಷ್ಟಿ ಇನ್ನೂ ಇಳಿಯುವ ಕಾಯಿಲೆಯಾದರೆ ಈಗಲೇ ಬ್ರೈಲ್ ಶುರು ಮಾಡಿ. ಗಣಿತಕ್ಕೆ ಬೆರಳಿನಿಂದ ಮುಟ್ಟಿ ಲೆಕ್ಕ ಮಾಡುವ ಅಬಾಕಸ್ ಮತ್ತು ಟೇಲರ್ ಫ್ರೇಮ್ ಇವೆ. ಕಂಪ್ಯೂಟರಿಗೆ ಎನ್‌ವಿಡಿಎ ಅನ್ನುವ ಪುಕ್ಕಟೆ ತಂತ್ರಾಂಶ ಇದೆ, ಕನ್ನಡವನ್ನೂ ಓದಿ ಹೇಳುತ್ತದೆ. ಶೇ 40 ಅಥವಾ ಜಾಸ್ತಿ ವೈಕಲ್ಯ ಇರುವ ಮಕ್ಕಳಿಗೆ ಪುಸ್ತಕ, ಸಾಧನಗಳನ್ನು 18 ವರ್ಷದವರೆಗೆ ಉಚಿತವಾಗಿ ಕೊಡಬೇಕು ಅಂತ 2016ರ ಅದೇ ಕಾಯ್ದೆಯ ಕಲಂ 17 ಹೇಳುತ್ತದೆ. ಶಾಲೆಗೆ ಬರೆದು ಕೇಳಿ.

ಪ್ರಶ್ನೆ: ಮಗಳಿಗೆ ಯುಡಿಐಡಿ (ವಿಕಲಚೇತನರ ಗುರುತಿನ) ಕಾರ್ಡ್ ಮಾಡಿಸಲು ಮಾವ ಬಿಡುತ್ತಿಲ್ಲ. ಸರ್ಕಾರದ ಕಾಗದದಲ್ಲಿ ಬಂದರೆ ಅವಳ ಅಕ್ಕನ ಮದುವೆಗೆ ಅಡ್ಡ ಬರುತ್ತದೆ ಅನ್ನುತ್ತಾರೆ.
– ಹಾವೇರಿ

ಉತ್ತರ: ಕಾರ್ಡು ನಿಮ್ಮ ಮನೆಯ ಕಪಾಟಿನಲ್ಲಿ ಇರುತ್ತದೆ, ಪಂಚಾಯ್ತಿ ಗೋಡೆಗೆ ಯಾರೂ ಅಂಟಿಸುವುದಿಲ್ಲ. ಕಾರ್ಡ್ ಇಲ್ಲದಿದ್ದರೆ ಓಣಿಯವರಿಗೆ ಗೊತ್ತಿಲ್ಲ ಅಂತಲೂ ಅಲ್ಲ. ಮಾಸಾಶನ, ವಿದ್ಯಾರ್ಥಿವೇತನ, ಬಸ್ ಪಾಸ್, ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಮುಂದೆ ಕಾಲೇಜಿನಲ್ಲಿ ಕನಿಷ್ಠ ಶೇ 5 ಮತ್ತು ಸರ್ಕಾರಿ ನೌಕರಿಯಲ್ಲಿ ಕನಿಷ್ಠ ಶೇ 4 ಮೀಸಲಾತಿ, ಎಲ್ಲಾ ಕಡೆ ಕೇಳುವುದು ಇದನ್ನೇ. ತಂದೆ ಅಥವಾ ತಾಯಿ ಅರ್ಜಿ ಹಾಕಿದರೆ ಸಾಕು, ಮಾವನವರ ಸಹಿ ಬೇಕಾಗಿಲ್ಲ.

ಪ್ರಶ್ನೆ: ಬೌದ್ಧಿಕ ವೈಕಲ್ಯ ಇರುವ ಮಗಳಿಗೆ ಮುಂದಿನ ತಿಂಗಳು 18 ತುಂಬುತ್ತದೆ. ಬ್ಯಾಂಕಿನವರು ‘ಗಾರ್ಡಿಯನ್ ಸರ್ಟಿಫಿಕೇಟ್ ತನ್ನಿ’ ಅಂದರು. ಹೆತ್ತವರಿಗೇ ಸರ್ಟಿಫಿಕೇಟ್ ಬೇಕೇ? ಅವಳು ಚಿಗರಿ ಬಸ್ಸಿನಲ್ಲಿ ಒಬ್ಬಳೇ ತರಬೇತಿ ಕೇಂದ್ರಕ್ಕೆ ಹೋಗಿ ಬರುತ್ತಾಳೆ.
– ಧಾರವಾಡ

ಉತ್ತರ: ಬೇಕಾಗಬಹುದು. 18 ತುಂಬಿದ ದಿನ ತಂದೆ-ತಾಯಿಯ ಸಹಜ ಪಾಲಕತ್ವ ಮುಗಿಯುತ್ತದೆ. ಮಗಳು ಕಾನೂನಿನ ಕಣ್ಣಿನಲ್ಲಿ ದೊಡ್ಡವಳು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವಿಧ ವೈಕಲ್ಯ, ಈ ನಾಲ್ಕಕ್ಕೆ 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆ ಇದೆ. ಪಾಲಕತ್ವಕ್ಕಾಗಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಕೊಡಬೇಕು. ಸಮಿತಿ ಕೊಟ್ಟ ಪ್ರಮಾಣಪತ್ರವನ್ನು ಬ್ಯಾಂಕುಗಳು ಒಪ್ಪಬೇಕು ಅಂತ ರಿಸರ್ವ್ ಬ್ಯಾಂಕೇ ಹೇಳಿದೆ.

ಅರ್ಜಿ ಹಾಕುವ ಮುಂಚೆ ಮನೆಯಲ್ಲಿ ಕೂತು ಮಾತಾಡಿ, ಅವಳನ್ನೂ ಕೂರಿಸಿಕೊಂಡು. ಒಬ್ಬಳೇ ಬಸ್ ಹತ್ತಿ ಸರಿಯಾದ ನಿಲ್ದಾಣದಲ್ಲಿ ಇಳಿಯುವವಳಿಗೆ ಎಲ್ಲಾ ವಿಷಯಕ್ಕೂ ಪಾಲಕರು ಬೇಕಾ? ಸಮಿತಿಯೂ ಇದನ್ನೇ ನೋಡಬೇಕು: ಪಾಲಕರು ಬೇಕೇ, ಬೇಕಾದರೆ ಯಾವ ಕೆಲಸಕ್ಕೆ. ಬ್ಯಾಂಕು ಮತ್ತು ಆಸ್ತಿಯ ಮಟ್ಟಿಗೆ ಸಾಕು ಅನಿಸಿದರೆ ಅಷ್ಟನ್ನೇ ಬರೆಯಿರಿ. 2016ರ ಕಾಯ್ದೆಯಲ್ಲಿ ಸೀಮಿತ ಪಾಲಕತ್ವದ ದಾರಿಯೂ ಇದೆ. ಅದರಲ್ಲಿ ನಿರ್ಧಾರವನ್ನು ಅವಳ ಜೊತೆ ಸೇರಿ ತೆಗೆದುಕೊಳ್ಳಬೇಕು.

ಪಾಲಕರಾದ ಮೇಲೆ ಲೆಕ್ಕ ಇಡುವ ಹೊಣೆ ಇದೆ. ಆರು ತಿಂಗಳೊಳಗೆ ಅವಳ ಆಸ್ತಿಯ ಪಟ್ಟಿ ಕೊಡಬೇಕು, ಆಮೇಲೆ ವರ್ಷ ವರ್ಷ ಲೆಕ್ಕ ಒಪ್ಪಿಸಬೇಕು. ಅವಳಿಗೆ ನಿರಾಮಯ ಆರೋಗ್ಯ ವಿಮೆ ಇಲ್ಲದಿದ್ದರೆ ಅದಕ್ಕೂ ಅರ್ಜಿ ಹಾಕಿ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಥೆರಪಿಯ ಖರ್ಚೂ ಸೇರುತ್ತದೆ. ಬ್ಯಾಂಕಿನವರು ಈ ನಡುವೆ ಖಾತೆ ತಡೆಹಿಡಿದರೆ ಯಾವ ನಿಯಮದ ಮೇಲೆ ಅಂತ ಮ್ಯಾನೇಜರ್ ಸಹಿಯೊಂದಿಗೆ ಬರೆಸಿಕೊಳ್ಳಿ, ಅದನ್ನು ಸಮಿತಿಯ ಅರ್ಜಿಗೆ ಲಗತ್ತಿಸಿ.