ಕೀಮೋ ನಡೆಯುವಾಗ ಅಪ್ಪನಿಗೆ ಕರ್ಕ್ಯುಮಿನ್ ಕ್ಯಾಪ್ಸೂಲ್ ಕೊಡಬಹುದೇ?

ನಿಮ್ಮ ತಂದೆಯವರಿಗೆ ದೊಡ್ಡ ಕರುಳಿನ ಕ್ಯಾನ್ಸರ್, ಮೂರನೇ ಹಂತ. ಆಪರೇಷನ್ ಮಾಡಿ ಗಡ್ಡೆ ತೆಗೆದಾಗಿದೆ, ಈಗ ಆಕ್ಸಾಲಿಪ್ಲಾಟಿನ್ ಡ್ರಿಪ್ ಮತ್ತು ಕ್ಯಾಪೆಸಿಟಬಿನ್ ಮಾತ್ರೆ ನಡೆಯುತ್ತಿದೆ. ನೆಂಟರೊಬ್ಬರು ಕಾಳುಮೆಣಸಿನ ಸತ್ವ ಸೇರಿಸಿದ ಕರ್ಕ್ಯುಮಿನ್ (ಅರಿಶಿನದ ಸತ್ವ) ಕ್ಯಾಪ್ಸೂಲ್ ತಂದುಕೊಟ್ಟಿದ್ದಾರೆ, ಲಕ್ಷ್ಮಣಫಲದ ಎಲೆಯ ಕಷಾಯವನ್ನೂ ಹೇಳಿದ್ದಾರೆ. ಕೊಡಬಹುದೇ ಎಂದು ಕೇಳಿದ್ದೀರಿ.

ಕೀಮೋ ಮುಗಿಯುವ ತನಕ ಎರಡೂ ಬೇಡ. ಸಾರು, ಹುಳಿ, ಪಲ್ಯಕ್ಕೆ ಹಾಕುವ ಅರಿಶಿನಕ್ಕೆ ಮಾತ್ರ ಯಾವ ಅಡ್ಡಿಯೂ ಇಲ್ಲ. ಬೇಡ ಅನ್ನುವುದಕ್ಕೆ ಕಾರಣ ಗೊತ್ತಿದ್ದರೆ ನೆಂಟರಿಗೆ ಹೇಳುವುದು ಸುಲಭ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ಪ್ರಮಾಣ. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಸುಮಾರು 3 ಪಾಲು. ಒಂದು ಟೀ ಚಮಚ ಪುಡಿ 3 ಗ್ರಾಂ ಅಂದುಕೊಂಡರೆ ಅದರಲ್ಲಿ 90 ಮಿಲಿಗ್ರಾಂ ಕರ್ಕ್ಯುಮಿನ್. ರೋಗಿಗಳ ಮೇಲಿನ ಹಲವು ಪ್ರಯೋಗಗಳಲ್ಲಿ ಕೊಟ್ಟದ್ದು ದಿನಕ್ಕೆ 2ರಿಂದ 4 ಗ್ರಾಂ. 4 ಗ್ರಾಂ ಅಂದರೆ ನಲವತ್ತು ಚಮಚಕ್ಕೂ ಹೆಚ್ಚು ಪುಡಿ! ಅಡುಗೆಯ ಅರಿಶಿನವೇ ಬೇರೆ, ಕ್ಯಾಪ್ಸೂಲೇ ಬೇರೆ. 'ನಾವು ದಿನಾ ತಿನ್ನೋದೇ ತಾನೆ' ಎಂಬ ಮಾತು ಕ್ಯಾಪ್ಸೂಲಿಗೆ ಅನ್ವಯಿಸುವುದಿಲ್ಲ.

'ಕರ್ಕ್ಯುಮಿನ್ ಕ್ಯಾನ್ಸರ್ ಕೋಶವನ್ನು ಕೊಲ್ಲುತ್ತದೆ' ಎಂಬುದು ಸುಳ್ಳಲ್ಲ, ಪ್ರಯೋಗಾಲಯದ ತಟ್ಟೆಯಲ್ಲಿ ಕೊಲ್ಲುತ್ತದೆ. ಅಲ್ಲಿ ಕೋಶಗಳ ಮೇಲೆ ಸುರಿಯುವುದು ಸಾಮಾನ್ಯವಾಗಿ 10ರಿಂದ 50 ಮೈಕ್ರೋಮೋಲಾರ್ (ದ್ರವದಲ್ಲಿ ವಸ್ತು ಎಷ್ಟು ಬೆರೆತಿದೆ ಎಂಬ ಅಳತೆ) ಸಾಂದ್ರತೆ. 2001ರಲ್ಲಿ ತೈವಾನಿನಲ್ಲಿ ದಿನಕ್ಕೆ 8 ಗ್ರಾಂ ನುಂಗಿದವರ ರಕ್ತದಲ್ಲಿ ಸಿಕ್ಕ ಗರಿಷ್ಠ ಮಟ್ಟ ಸರಾಸರಿ 1.8 ಮೈಕ್ರೋಮೋಲಾರ್ ಆಸುಪಾಸು. ನುಂಗಿದ್ದರಲ್ಲಿ ಬಹುಪಾಲು ರಕ್ತಕ್ಕೆ ಸೇರದೆ ಮಲದಲ್ಲಿ ಹೋಗುತ್ತದೆ. ಸೇರಿದ್ದನ್ನೂ ಕರುಳು ಮತ್ತು ಲಿವರ್ ಬೇಗ ರೂಪ ಬದಲಿಸಿ ಹೊರಹಾಕುತ್ತವೆ.

ವಿಜ್ಞಾನಿಗಳಿಗೆ ದೊಡ್ಡ ಕರುಳಿನ ಕ್ಯಾನ್ಸರಿನ ಬಗ್ಗೆಯೇ ಆಸೆ ಹುಟ್ಟಿದ್ದಕ್ಕೆ ಇದೇ ಒಂದು ಕಾರಣ. ರಕ್ತಕ್ಕೆ ಸೇರದಿದ್ದರೇನು, ಕರುಳಿನ ಒಳಗೋಡೆಗೆ ತಾಗಿಕೊಂಡೇ ಹೋಗುತ್ತದಲ್ಲ! ಇಂಗ್ಲೆಂಡಿನ ಲೆಸ್ಟರ್ ತಂಡ ಆಪರೇಷನ್ನಿಗೆ ಮುಂಚೆ ಏಳು ದಿನ 3.6 ಗ್ರಾಂ ಕೊಟ್ಟು ನೋಡಿದಾಗ, ತೆಗೆದ ಕರುಳಿನ ತುಂಡಿನಲ್ಲಿ ಕರ್ಕ್ಯುಮಿನ್ ನಿಜಕ್ಕೂ ಸಿಕ್ಕಿತು. ಆದರೆ ಅದೇ ತಂಡ ಲಿವರಿಗೆ ಹರಡಿದ್ದ ರೋಗಿಗಳಿಗೆ ಕೊಟ್ಟು ನೋಡಿದಾಗ ಲಿವರಿನ ತುಂಡಿನಲ್ಲಿ ಕರ್ಕ್ಯುಮಿನ್ ಸಿಗಲಿಲ್ಲ. ನಿಮ್ಮ ತಂದೆಯವರ ವಿಷಯಕ್ಕೆ ನಿರ್ಣಾಯಕವಾದದ್ದು ಇದೇ. ಅವರ ಕರುಳಿನ ಗಡ್ಡೆ ಹೋಗಿಯಾಗಿದೆ. ಈಗಿನ ಭಯ ರಕ್ತದ ಮೂಲಕ ಲಿವರಿಗೋ ಶ್ವಾಸಕೋಶಕ್ಕೋ ಜಾರಿರಬಹುದಾದ, ಕಣ್ಣಿಗೆ ಕಾಣದ ಕೋಶಗಳದ್ದು. ಕೀಮೋ ಕೊಡುತ್ತಿರುವುದು ಅವುಗಳಿಗಾಗಿ. ಕರ್ಕ್ಯುಮಿನ್ ಅಲ್ಲಿಗೆ ಸಾಕಷ್ಟು ತಲುಪುವುದೇ ಇಲ್ಲ.

ಹಾಗಾದರೆ ಮೆಣಸಿನ ಸತ್ವ ಸೇರಿಸಿದರೆ? ಆ ಸತ್ವದ ಹೆಸರು ಪೈಪರಿನ್. ಇದರ ಮೂಲ ಪ್ರಯೋಗ ನಡೆದದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ, ಪ್ರಕಟವಾದದ್ದು 1998ರಲ್ಲಿ. 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ರಕ್ತಕ್ಕೆ ಸೇರುವ ಪ್ರಮಾಣ ಇಪ್ಪತ್ತು ಪಟ್ಟು ಏರಿತು. ಕ್ಯಾಪ್ಸೂಲ್ ಡಬ್ಬಿಗಳ ಮೇಲೆ ಕಾಣುವ '2000%' ಅಲ್ಲಿಂದಲೇ ಬಂದದ್ದು. ಆದರೆ ಅಲ್ಲಿ ಬರಿಯ 2 ಗ್ರಾಂ ಕರ್ಕ್ಯುಮಿನ್ ಕೊಟ್ಟಾಗಿನ ಮಟ್ಟ ಅಳತೆಗೆ ಸಿಗುವುದೇ ಕಷ್ಟ ಅನ್ನುವಷ್ಟು ಕಡಿಮೆ. ಅದರ ಇಪ್ಪತ್ತು ಪಟ್ಟೂ ದೊಡ್ಡದಲ್ಲ. ಇನ್ನೊಂದು, ಪೈಪರಿನ್ ಈ ಕೆಲಸ ಮಾಡುವುದು ಔಷಧಿಗಳನ್ನು ಕರಗಿಸಿ ಹೊರಹಾಕುವ ಕರುಳು-ಲಿವರಿನ ಕಿಣ್ವಗಳನ್ನು ತಡೆದು. ಅವು ಕರ್ಕ್ಯುಮಿನ್ನಿಗೆ ಮಾತ್ರ ಮೀಸಲಾದ ಕಿಣ್ವಗಳಲ್ಲ. ಮೂರ್ಛೆರೋಗದ ಫೆನಿಟಾಯಿನ್, ಬಿಪಿಯ ಪ್ರೊಪ್ರನಲಾಲ್ ಔಷಧಿಗಳ ಮಟ್ಟ ರಕ್ತದಲ್ಲಿ ಏರುವುದು ಮನುಷ್ಯರಲ್ಲೇ ಕಂಡಿದೆ. ಮುಂದೆ ಇರಿನೊಟೆಕಾನ್ ಎಂಬ ಇನ್ನೊಂದು ಕೀಮೋ ಔಷಧಿ ಕೊಡಬೇಕಾಗಿ ಬಂದರೆ ಅದೂ ಇದೇ ದಾರಿಯಲ್ಲಿ ಕರಗುವ ಔಷಧಿ.

ಲಿವರಿನ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅಮೆರಿಕದ ಲಿವರ್ ಹಾನಿ ನೋಂದಣಿಯಲ್ಲಿ ಅರಿಶಿನದ ಪೂರಕಗಳಿಂದಾದ 10 ಪ್ರಕರಣಗಳ ವರದಿ ಇದೆ: ಐವರು ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. ಅಪರೂಪ, ನಿಜ. ಆದರೆ ಆಕ್ಸಾಲಿಪ್ಲಾಟಿನ್, ಕ್ಯಾಪೆಸಿಟಬಿನ್ ಎರಡೂ ಲಿವರ್ ಪರೀಕ್ಷೆಯ ಅಂಕಿಗಳನ್ನು ಏರಿಸಬಲ್ಲವು. ಕ್ಯಾಪ್ಸೂಲೂ ನಡೆಯುತ್ತಿದ್ದರೆ ಏರಿದ್ದು ಯಾವುದರಿಂದ ಎಂದು ಡಾಕ್ಟರಿಗೆ ತಿಳಿಯುವುದಿಲ್ಲ. ಮುಂದಿನ ಕೀಮೋ ಸುತ್ತು ತಡವಾಗುತ್ತದೆ, ಇಲ್ಲವೇ ಡೋಸ್ ಇಳಿಸಬೇಕಾಗುತ್ತದೆ.

ಒಳ್ಳೆಯ ಫಲಿತಾಂಶವೂ ಇದೆ ಎಂದು ನೆಂಟರು ಹೇಳಬಹುದು. ಹೌದು. ಕರುಳಿನ ತುಂಬ ಪಾಲಿಪ್ (ಸಣ್ಣ ಗಂಟು) ಬೆಳೆಯುವ ವಂಶವಾಹಿ ಕಾಯಿಲೆಯ ಐವರಿಗೆ ಕರ್ಕ್ಯುಮಿನ್ ಮತ್ತು ಕ್ವೆರ್ಸೆಟಿನ್ ಎಂಬ ಇನ್ನೊಂದು ಸಸ್ಯಸತ್ವ ಕೊಟ್ಟಾಗ ಆರು ತಿಂಗಳಲ್ಲಿ ಪಾಲಿಪ್‌ಗಳು 60% ಇಳಿದವು ಎಂಬ 2006ರ ವರದಿ ಎಲ್ಲೆಡೆ ಹರಿದಾಡುತ್ತದೆ. ಆದರೆ ಅದೇ ಮುಖ್ಯ ಸಂಶೋಧಕಿ ಅದೇ ಕಾಯಿಲೆಯ 44 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ದಿನಕ್ಕೆ 3 ಗ್ರಾಂ ಕರ್ಕ್ಯುಮಿನ್, ಇನ್ನೊಂದಕ್ಕೆ ಸುಳ್ಳು ಮಾತ್ರೆ ಕೊಟ್ಟು ಒಂದು ವರ್ಷ ನೋಡಿದಾಗ ಏನೂ ವ್ಯತ್ಯಾಸ ಬರಲಿಲ್ಲ. ಅದು 2018ರಲ್ಲಿ ಪ್ರಕಟವಾಯಿತು, ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಕೀಮೋ ಜೊತೆಗೇ 2 ಗ್ರಾಂ ಕೊಟ್ಟ ಲೆಸ್ಟರಿನ 2019ರ ಪ್ರಯೋಗದಲ್ಲಿ ರೋಗಿಗಳು ಅದನ್ನು ತಡೆದುಕೊಂಡರು. ಆದರೆ ಅದು 28 ಜನರ, ರೋಗ ಬೇರೆಡೆಗೆ ಹರಡಿದ್ದವರ, ಡಾಕ್ಟರರ ಕಣ್ಗಾವಲಿನ ಪ್ರಯೋಗ. ಗುಣವಾಗುತ್ತದೆ ಎಂದು ತೀರ್ಮಾನಿಸಲು ಅಷ್ಟು ಸಾಲದು.

ಲಕ್ಷ್ಮಣಫಲದ ವಿಷಯದಲ್ಲಿ ನನ್ನ ಮಾತು ಇನ್ನೂ ಕಟ್ಟುನಿಟ್ಟು. ಅದರಲ್ಲಿರುವ ಅನೊನಾಸಿನ್ ನರಕೋಶಗಳಿಗೆ ವಿಷ. ಕೆರಿಬಿಯನ್ ದ್ವೀಪ ಗ್ವಾಡಲೂಪಿನಲ್ಲಿ ಈ ಹಣ್ಣು ಮತ್ತು ಎಲೆಯ ಕಷಾಯದ ಬಳಕೆಗೂ ಪಾರ್ಕಿನ್ಸನ್ ತರಹದ ಕಾಯಿಲೆಗೂ ನಂಟು ಕಂಡುಬಂದಿದೆ. ಆಕ್ಸಾಲಿಪ್ಲಾಟಿನ್ ಮೊದಲೇ ಕೈಕಾಲಿನ ನರಗಳನ್ನು ಹಿಂಡುವ ಔಷಧಿ. ಕಷಾಯ ಖಂಡಿತ ಬೇಡ.

ನೀವು ಕೇಳದಿದ್ದರೂ ಒಂದು ಮುಖ್ಯ ವಿಷಯ: ಮನೆಯಲ್ಲಿ 'ಶಕ್ತಿಗೆ' ಎಂದು ಫೋಲಿಕ್ ಆಸಿಡ್ ಮಾತ್ರೆಯನ್ನೋ ಅದು ಸೇರಿದ ಮಲ್ಟಿವಿಟಮಿನ್ನನ್ನೋ ಕೊಡುತ್ತಿದ್ದರೆ ಡಾಕ್ಟರಿಗೆ ತಕ್ಷಣ ತಿಳಿಸಿ. ಕ್ಯಾಪೆಸಿಟಬಿನ್ ಜೊತೆ ಅದು ಭೇದಿ, ಬಾಯಿಹುಣ್ಣನ್ನು ಜೋರು ಮಾಡುತ್ತದೆ. ಸೊಪ್ಪಿನ ಪಲ್ಯ ತಿನ್ನಲಿ, ಅದರಿಂದ ತೊಂದರೆಯಿಲ್ಲ.

ಕ್ಯಾಪೆಸಿಟಬಿನ್ ಅನ್ನು ಊಟವಾದ ಅರ್ಧ ಗಂಟೆಯೊಳಗೆ ನೀರಿನ ಜೊತೆ ನುಂಗಬೇಕು; ಒಂದು ಹೊತ್ತು ತಪ್ಪಿದರೆ ಮುಂದಿನ ಸಲ ಎರಡು ಪಾಲು ಕೊಡಬೇಡಿ. ಡ್ರಿಪ್ ಆದ ಮೊದಲ ಕೆಲವು ದಿನ ಫ್ರಿಜ್ಜಿನ ಮಜ್ಜಿಗೆ, ತಣ್ಣೀರು ಬೇಡ: ಗಂಟಲು ಹಿಡಿದಂತಾಗುತ್ತದೆ, ಬೆರಳು ಜುಮ್ಮೆನ್ನುತ್ತದೆ. ಮಾಮೂಲಿಗಿಂತ ನಾಲ್ಕು ಸಲ ಹೆಚ್ಚು ಭೇದಿಯಾದರೆ ಅಥವಾ ರಾತ್ರಿ ಭೇದಿಗೆ ಏಳಬೇಕಾದರೆ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಫೋನ್ ಮಾಡಿ. ಅಲ್ಲಿಯವರೆಗೆ ಅನ್ನದ ಗಂಜಿ, ಓಆರ್‌ಎಸ್ ಕೊಡಿ. ಜ್ವರ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗಲಿ ಎಂದು ಕಾಯಬೇಡಿ.

ಆಹಾರದಿಂದ ಏನಾದರೂ ಮಾಡಲೇಬೇಕು ಎಂಬ ನಿಮ್ಮ ಹಂಬಲಕ್ಕೆ ನಾರಿನಂಶ ಒಳ್ಳೆಯ ದಾರಿ, ಕರುಳು ಹತೋಟಿಗೆ ಬಂದ ಮೇಲೆ. 2018ರ ಅಮೆರಿಕದ ಅಧ್ಯಯನದಲ್ಲಿ, ಹರಡದ ಹಂತದ 1,575 ರೋಗಿಗಳ ಪೈಕಿ ದಿನದ ನಾರು 5 ಗ್ರಾಂ ಹೆಚ್ಚಿದ್ದವರಲ್ಲಿ ಈ ಕ್ಯಾನ್ಸರಿನಿಂದ ಸಾಯುವ ಅಪಾಯ 22% ಕಡಿಮೆ ಕಂಡಿತು. ಇದು ಗಮನಿಸಿ ಬರೆದ ಲೆಕ್ಕ, ನಾರೇ ಕಾರಣ ಎಂಬ ಪುರಾವೆಯಲ್ಲ. ಆದರೂ 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 11 ಗ್ರಾಂ ನಾರಿದೆ. ಅರ್ಧ ಮುದ್ದೆಯಿಂದ ಶುರು ಮಾಡಿ, ಹೊಟ್ಟೆ ಒಗ್ಗಿದಂತೆ ಹೆಚ್ಚಿಸಿ. ಆ ಕ್ಯಾಪ್ಸೂಲ್ ಡಬ್ಬಿಯನ್ನು ಎಸೆಯಬೇಡಿ, ಮುಂದಿನ ಭೇಟಿಗೆ ತೆಗೆದುಕೊಂಡು ಹೋಗಿ. ಈಗಾಗಲೇ ಎಷ್ಟು ದಿನ ಕೊಟ್ಟಿದ್ದೀರಿ ಎಂಬುದನ್ನೂ ಮುಚ್ಚಿಡದೆ ಹೇಳಿ.