ಬಾಹ್ಯಾಕಾಶ ಶಾಂತಿಗೆ ಮೀಸಲು ಅಂತ ಒಪ್ಪಂದ ಇದೆ ಅಲ್ವಾ? ಹಾಗಿದ್ದರೆ ದೇಶಗಳು ಉಪಗ್ರಹಗಳನ್ನು ಹೊಡೆದು ಒಡೆಯುವುದು ಹೇಗೆ?

ನೀವು ಕೇಳಿರುವುದು ಇಷ್ಟು: ಬಾಹ್ಯಾಕಾಶವನ್ನು ಶಾಂತಿಗಾಗಿ ಮಾತ್ರ ಬಳಸಬೇಕು ಅಂತ 1967ರಲ್ಲೇ ಒಪ್ಪಂದ ಆಗಿದೆ. ಆದರೂ ನಾಲ್ಕು ದೇಶಗಳು ಕ್ಷಿಪಣಿ ಹಾರಿಸಿ ಉಪಗ್ರಹ ಒಡೆದಿವೆ. ಇದು ಕಾನೂನು ಮುರಿದ ಹಾಗಲ್ವಾ? ಮುರಿದಿದ್ದರೆ ಕೇಳುವವರು ಯಾರು?

ನಾನು ಅಂತರರಾಷ್ಟ್ರೀಯ ಕಾನೂನು ಓದಿದವನು. ಈ ಒಪ್ಪಂದವನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಮೊದಲೇ ನೇರವಾಗಿ ಹೇಳಿಬಿಡುತ್ತೇನೆ. ಸ್ವಂತ ಉಪಗ್ರಹವನ್ನು ಹೊಡೆದು ಒಡೆಯಬಾರದು ಅಂತ ಯಾವ ಬಾಹ್ಯಾಕಾಶ ಒಪ್ಪಂದದಲ್ಲೂ ಬರೆದಿಲ್ಲ. ಬಾಹ್ಯಾಕಾಶ ಪೂರ್ತಿ ಶಾಂತಿಗೆ ಮೀಸಲು ಅನ್ನುವ ಮಾತೂ ಒಪ್ಪಂದದ ಪಠ್ಯದಲ್ಲಿ ಇಲ್ಲ. ಬಹಳ ಜನ ಹಾಗೆ ನಂಬಿದ್ದಾರೆ. ಓದುವ ಮೊದಲು ನಾನೂ ಹಾಗೇ ನಂಬಿದ್ದೆ.

ಒಪ್ಪಂದದ ನಾಲ್ಕನೇ ವಿಧಿಯನ್ನು ನಿಧಾನವಾಗಿ ಓದಬೇಕು. ಅದರಲ್ಲಿ ಎರಡು ಭಾಗಗಳಿವೆ. ಮೊದಲನೆಯದು ಹೇಳುವುದು: ಅಣ್ವಸ್ತ್ರವನ್ನಾಗಲಿ, ಸಾಮೂಹಿಕ ನಾಶದ ಬೇರೆ ಅಸ್ತ್ರವನ್ನಾಗಲಿ ಹೊತ್ತ ಯಾವ ವಸ್ತುವನ್ನೂ ಭೂಮಿಯ ಸುತ್ತ ಕಕ್ಷೆಯಲ್ಲಿ ಇಡಬಾರದು. ಚಂದ್ರನ ಮೇಲಾಗಲಿ ಬಾಹ್ಯಾಕಾಶದಲ್ಲಿ ಬೇರೆಲ್ಲಿಯಾಗಲಿ ಅವನ್ನು ನೆಲೆಗೊಳಿಸಲೂ ಬಾರದು. ಎರಡನೆಯದು ಹೇಳುವುದು: ಚಂದ್ರನನ್ನೂ ಇತರ ಆಕಾಶಕಾಯಗಳನ್ನೂ ಶಾಂತಿಗಾಗಿ ಮಾತ್ರ ಬಳಸಬೇಕು. ಅಲ್ಲಿ ಸೇನಾ ನೆಲೆ, ಅಸ್ತ್ರ ಪರೀಕ್ಷೆ, ಸೇನಾ ಕವಾಯತು ಯಾವುದೂ ಕೂಡದು.

ಗಮನಿಸಿದಿರಾ? ‘ಶಾಂತಿಗಾಗಿ ಮಾತ್ರ’ ಅನ್ನುವ ಮಾತು ಬಂದಿರುವುದು ಎರಡನೇ ಭಾಗದಲ್ಲಿ. ಅದು ಚಂದ್ರನಿಗೆ, ಮಂಗಳನಿಗೆ. ಉಪಗ್ರಹಗಳು ನಿಜವಾಗಿ ಸುತ್ತುವ ಕಕ್ಷೆಗೆ ಆ ಮಾತು ಇಲ್ಲ. ಕಕ್ಷೆಗೆ ಇರುವುದು ಸಾಮೂಹಿಕ ನಾಶದ ಅಸ್ತ್ರಗಳ ನಿಷೇಧ ಮಾತ್ರ. ಅದೂ ಅಲ್ಲಿ ‘ಇಡಬಾರದು’ ಅಂತ ಅಷ್ಟೆ. ಬಾಹ್ಯಾಕಾಶದ ಮೂಲಕ ಹಾದುಹೋಗುವುದಕ್ಕೆ ಅಡ್ಡಿ ಇಲ್ಲ. ಖಂಡಾಂತರ ಕ್ಷಿಪಣಿ ಹೋಗುವ ದಾರಿಯೇ ಅದು. ಸೋವಿಯತ್ ಒಕ್ಕೂಟ 1969ರಿಂದ ಕೆಲವು ವರ್ಷ ಇನ್ನೊಂದು ವ್ಯವಸ್ಥೆಯನ್ನೂ ಇಟ್ಟುಕೊಂಡಿತ್ತು. ಅಣುಬಾಂಬನ್ನು ಕಕ್ಷೆಯ ಎತ್ತರಕ್ಕೆ ಏರಿಸಿ, ಭೂಮಿಗೆ ಒಂದು ಸುತ್ತು ಪೂರ್ತಿಯಾಗುವ ಮೊದಲೇ ಇಳಿಸುವ ವ್ಯವಸ್ಥೆ ಅದು. ಸುತ್ತು ಪೂರ್ತಿ ಆಗಲಿಲ್ಲವಾದ್ದರಿಂದ ಒಪ್ಪಂದ ಮುರಿದಂತಲ್ಲ ಅಂತ ಎದುರಾಳಿ ಅಮೆರಿಕವೇ ಒಪ್ಪಿಕೊಂಡಿತ್ತು.

ಮಾಮೂಲಿ ಆಯುಧದ ಬಗ್ಗೆಯಂತೂ ಒಪ್ಪಂದದಲ್ಲಿ ಮಾತೇ ಇಲ್ಲ. 1974ರಲ್ಲಿ ಹಾರಿದ ಸೋವಿಯತ್ ನಿಲ್ದಾಣ ಸಲ್ಯೂಟ್-3ರಲ್ಲಿ ಒಂದು ತೋಪು ಇತ್ತು. ಗಗನಯಾತ್ರಿಗಳು ಇಲ್ಲದ ಹೊತ್ತಿನಲ್ಲಿ ಅದನ್ನು ಹಾರಿಸಿಯೂ ನೋಡಿದರು. ಒಪ್ಪಂದದ ಯಾವ ಸಾಲನ್ನೂ ಅದು ಮುರಿಯಲಿಲ್ಲ.

ಇಷ್ಟು ದೊಡ್ಡ ಬಾಗಿಲು ಯಾಕೆ ತೆರೆದಿಟ್ಟರು? ಬರೆದವರಿಗೆ ಗೊತ್ತಿರಲಿಲ್ಲ ಅಂತಲ್ಲ. ಆಗ ಅವರನ್ನು ಕಾಡುತ್ತಿದ್ದ ಭಯ ಅಣುಬಾಂಬಿನದು. 1962ರ ಜುಲೈನಲ್ಲಿ ಅಮೆರಿಕ ಪೆಸಿಫಿಕ್ ಸಾಗರದ ಮೇಲೆ, ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ, 1.4 ಮೆಗಾಟನ್ ಬಾಂಬ್ ಸಿಡಿಸಿತು. ಸ್ಟಾರ್‌ಫಿಶ್ ಪ್ರೈಮ್ ಅಂತ ಅದರ ಹೆಸರು. ಸುಮಾರು 1,400 ಕಿಲೋಮೀಟರ್ ದೂರದ ಹವಾಯಿಯಲ್ಲಿ ಕೆಲವು ಬೀದಿ ದೀಪಗಳು ಆರಿಹೋದವು. ಸ್ಫೋಟದಿಂದ ಹುಟ್ಟಿದ ವಿಕಿರಣ ಭೂಮಿಯ ಸುತ್ತ ತಿಂಗಳುಗಟ್ಟಲೆ ನಿಂತಿತು. ಬ್ರಿಟನ್ನಿನ ಮೊದಲ ಉಪಗ್ರಹ ಏರಿಯಲ್-1 ಅದರ ಹೊಡೆತ ತಿಂದಿತು. ಸ್ಫೋಟದ ಮರುದಿನವೇ ಹಾರಿದ ಟೆಲ್‌ಸ್ಟಾರ್ ಕೂಡ ತಿಂದಿತು. ಬಾಂಬ್ ಸಿಡಿಸಿದವರದೇ ಉಪಗ್ರಹ ಅದು! ಮುಂದಿನ ವರ್ಷವೇ ಬಾಹ್ಯಾಕಾಶದಲ್ಲಿ ಅಣುಪರೀಕ್ಷೆಗೆ ನಿಷೇಧ ಬಂತು. ನಾಲ್ಕು ವರ್ಷದ ನಂತರ ಈ ಒಪ್ಪಂದ.

ಇನ್ನೊಂದು ಕಾರಣವೂ ಇತ್ತು. ಅಮೆರಿಕ, ಸೋವಿಯತ್ ಒಕ್ಕೂಟ ಎರಡಕ್ಕೂ ಪತ್ತೇದಾರಿ ಉಪಗ್ರಹಗಳು ಬೇಕಾಗಿದ್ದವು. ಕಕ್ಷೆಯಲ್ಲಿ ಸೇನೆಯ ಕೆಲಸವೇ ಬೇಡ ಅಂತ ಬರೆದಿದ್ದರೆ ಅವನ್ನು ಕೆಳಗಿಳಿಸಬೇಕಾಗುತ್ತಿತ್ತು. ನನಗೆ ಅನ್ನಿಸುವುದು, ಆ ಉಪಗ್ರಹಗಳು ಇದ್ದದ್ದೇ ಒಳ್ಳೆಯದಾಯಿತು. ಎದುರಾಳಿಯ ಹತ್ತಿರ ಎಷ್ಟು ಕ್ಷಿಪಣಿ ಇವೆ ಅಂತ ಮೇಲಿನಿಂದ ಎಣಿಸಲು ಆಗುತ್ತಿದ್ದರಿಂದಲೇ ಕ್ಷಿಪಣಿಗಳಿಗೆ ಮಿತಿ ಹಾಕುವ ಒಪ್ಪಂದಗಳು ಸಾಧ್ಯವಾದವು. 1972ರಲ್ಲಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಕ್ಷಿಪಣಿ-ತಡೆ ವ್ಯವಸ್ಥೆಗಳ ಬಗ್ಗೆ ಮಾಡಿಕೊಂಡ ಒಪ್ಪಂದದಲ್ಲಿ ಒಂದು ಸಾಲಿತ್ತು. ಒಪ್ಪಂದ ಪಾಲನೆಯಾಗುತ್ತಿದೆಯೇ ಅಂತ ನೋಡುವ ಎದುರಾಳಿಯ ಸಾಧನಗಳಿಗೆ ಅಡ್ಡಿ ಮಾಡಬಾರದು ಅಂತ. ಸಾಧನಗಳು ಅಂದರೆ ಮುಖ್ಯವಾಗಿ ಉಪಗ್ರಹಗಳು. ಆಯುಧ ಎಂದರೇನು ಅಂತ ಅಲ್ಲಿ ಯಾರೂ ಜಗಳ ಮಾಡಲಿಲ್ಲ. ‘ಅದನ್ನು ಮುಟ್ಟಬೇಡ’ ಅಂದರು, ಮುಗಿಯಿತು. ಈ ಸಾಲು ನೆನಪಿಡಿ, ಮತ್ತೆ ಬೇಕಾಗುತ್ತದೆ.

ಈಗ ನೀವು ಕೇಳಿದ ನಾಲ್ಕು ದೇಶಗಳ ವಿಷಯ. ಅಮೆರಿಕ 1985ರಲ್ಲಿ ಯುದ್ಧವಿಮಾನದಿಂದ ಕ್ಷಿಪಣಿ ಬಿಟ್ಟು ತನ್ನದೊಂದು ಉಪಗ್ರಹ ಒಡೆಯಿತು, 2008ರಲ್ಲಿ ಹಡಗಿನಿಂದ ಇನ್ನೊಂದನ್ನು. ಚೀನಾ 2007ರ ಜನವರಿ 11ರಂದು ತನ್ನ ಹಳೆಯ ಹವಾಮಾನ ಉಪಗ್ರಹವನ್ನು ಒಡೆಯಿತು. ಭಾರತ 2019ರ ಮಾರ್ಚ್ 27ರಂದು, ಮಿಷನ್ ಶಕ್ತಿ. ರಷ್ಯಾ 2021ರ ನವೆಂಬರ್ 15ರಂದು.

ಕಾನೂನಿನ ಕಣ್ಣಲ್ಲಿ ಇವೆಲ್ಲ ಒಂದೇ ಥರ. ಪ್ರತಿಯೊಬ್ಬರೂ ಹೊಡೆದದ್ದು ತಮ್ಮದೇ ಉಪಗ್ರಹ. ಕ್ಷಿಪಣಿ ಹೊರಟಿದ್ದು ಕೆಳಗಿನಿಂದ, ಯಾರೂ ಕಕ್ಷೆಯಲ್ಲಿ ಏನನ್ನೂ ‘ಇಡಲಿಲ್ಲ’. ಆದರೆ ಆದ ಪರಿಣಾಮ ಒಂದೇ ಥರ ಅಲ್ಲ. ಎಲ್ಲವೂ ಎತ್ತರದ ಮೇಲೆ ನಿಂತಿದೆ. 300 ಕಿಲೋಮೀಟರಿನ ಸುತ್ತಮುತ್ತ ಇನ್ನೂ ತೆಳುವಾದ ಗಾಳಿ ಇದೆ. ಅದು ಚೂರುಗಳನ್ನು ತಡೆದು ತಡೆದು ಕೆಳಗೆ ಎಳೆಯುತ್ತದೆ. ಭಾರತ ಆ ಎತ್ತರವನ್ನೇ ಆರಿಸಿಕೊಂಡಿತ್ತು. ಹೆಚ್ಚಿನ ಚೂರುಗಳು ಕೆಲವೇ ತಿಂಗಳಲ್ಲಿ ಉರಿದುಹೋದವು. ಕೆಲವು ಮಾತ್ರ ಇನ್ನೂ ಮೇಲಕ್ಕೆ ಚಿಮ್ಮಿ ಜಾಸ್ತಿ ದಿನ ಉಳಿದವು. ಚೀನಾ ಒಡೆದದ್ದು ಸುಮಾರು 860 ಕಿಲೋಮೀಟರ್ ಎತ್ತರದಲ್ಲಿ. ಪತ್ತೆ ಹಚ್ಚಬಹುದಾದ ಚೂರುಗಳೇ 3,000ಕ್ಕಿಂತ ಜಾಸ್ತಿ. ಅವುಗಳಲ್ಲಿ ಬಹಳಷ್ಟು ಈಗಲೂ ಸೆಕೆಂಡಿಗೆ ಏಳು ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಸುತ್ತುತ್ತಿವೆ.

ರಷ್ಯಾದ ಪರೀಕ್ಷೆ ನನ್ನನ್ನು ಇವತ್ತಿಗೂ ಕಾಡುತ್ತದೆ. ಕಾಸ್ಮಾಸ್-1408 ಒಡೆದಾಗ ಪತ್ತೆಯಾದ ಚೂರುಗಳು 1,500ಕ್ಕೂ ಹೆಚ್ಚು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಆಗ ಏಳು ಜನ ಇದ್ದರು. ತುರ್ತಾಗಿ ತಮ್ಮ ತಮ್ಮ ನೌಕೆಗಳೊಳಗೆ ಹೋಗಿ ಕೂತರು, ಬೇಕಾದರೆ ಅಲ್ಲಿಂದಲೇ ಭೂಮಿಗೆ ಹೊರಡುವ ಹಾಗೆ. ಆ ಏಳು ಜನರಲ್ಲಿ ಇಬ್ಬರು ರಷ್ಯಾದವರೇ. ಚೀನಾದ ನಿಲ್ದಾಣದಲ್ಲೂ ಮೂರು ಜನ ಇದ್ದರು.

ಹಾಗಾದರೆ ಇವೆಲ್ಲ ಕಾನೂನಿನ ಪ್ರಕಾರ ಸರಿಯೇ? ಇಲ್ಲಿ ಒಂಬತ್ತನೇ ವಿಧಿ ಬರುತ್ತದೆ. ಬಾಹ್ಯಾಕಾಶದಲ್ಲಿ ಏನೇ ಮಾಡಿದರೂ ಬೇರೆ ದೇಶಗಳ ಹಿತವನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು ಅನ್ನುತ್ತದೆ ಅದು. ನಿಮ್ಮ ಕೆಲಸದಿಂದ ಇನ್ನೊಬ್ಬರ ಕೆಲಸಕ್ಕೆ ಹಾನಿಯಾಗುವ ಅಡ್ಡಿ ಆಗಬಹುದು ಅನ್ನಿಸಿದರೆ ಮೊದಲೇ ಮಾತುಕತೆ ನಡೆಸಬೇಕು ಅಂತಲೂ ಹೇಳುತ್ತದೆ. ಚೀನಾವೂ ರಷ್ಯಾವೂ ಯಾರನ್ನೂ ಅಂಥ ಮಾತುಕತೆಗೆ ಕರೆಯಲಿಲ್ಲ. ನನ್ನ ಅಭಿಪ್ರಾಯದಲ್ಲಿ 2007ರ ಮತ್ತು 2021ರ ಪರೀಕ್ಷೆಗಳು ಈ ವಿಧಿಗೆ ವಿರುದ್ಧ. ಜನ ಇರುವ ನಿಲ್ದಾಣದ ದಾರಿಗೆ ಚೂರು ಚೆಲ್ಲುವುದು ಇನ್ನೊಬ್ಬರನ್ನು ಗಮನದಲ್ಲಿ ಇಟ್ಟುಕೊಂಡ ಕೆಲಸ ಹೇಗಾದೀತು? ಇದನ್ನು ಒಪ್ಪದ ಕಾನೂನು ಪಂಡಿತರೂ ಇದ್ದಾರೆ. ವಿಧಿಯ ಮಾತು ತೀರಾ ಸಡಿಲ, ಎಷ್ಟು ಗಮನ ಕೊಟ್ಟರೆ ಸಾಕು ಅಂತ ಅಳತೆ ಇಲ್ಲ ಅನ್ನುತ್ತಾರೆ ಅವರು. ಅವರ ಮಾತಿನಲ್ಲಿ ಹುರುಳಿದೆ. ಯಾವ ನ್ಯಾಯಾಲಯವೂ ಇದಕ್ಕೆ ಇನ್ನೂ ಅರ್ಥ ಹೇಳಿಲ್ಲ.

ಹಾಗಾದರೆ ಹೊಸ ಒಪ್ಪಂದ ಮಾಡಬಹುದಲ್ವಾ ಅಂತ ನೀವು ಕೇಳಬಹುದು. ಬಾಹ್ಯಾಕಾಶದಲ್ಲಿ ಆಯುಧ ಪೈಪೋಟಿ ತಡೆಯಬೇಕು ಅಂತ ವಿಶ್ವಸಂಸ್ಥೆಯ ಸಾಮಾನ್ಯ ಸಭೆ 1981ರಿಂದ ನಿರ್ಣಯ ಮಾಡುತ್ತಾ ಬಂದಿದೆ. ರಷ್ಯಾ ಮತ್ತು ಚೀನಾ ಸೇರಿ 2008ರಲ್ಲಿ ಜಿನೀವಾದ ನಿಶ್ಶಸ್ತ್ರೀಕರಣ ಸಮ್ಮೇಳನದ ಮುಂದೆ ಒಂದು ಕರಡು ಇಟ್ಟವು, 2014ರಲ್ಲಿ ತಿದ್ದಿ ಮತ್ತೆ ಇಟ್ಟವು. ಬಾಹ್ಯಾಕಾಶದಲ್ಲಿ ಆಯುಧ ಇಡಬಾರದು ಅನ್ನುವುದು ಅದರ ತಿರುಳು. ಕೇಳಲು ಚೆನ್ನಾಗಿದೆ. ಆದರೆ ನೆಲದಿಂದ ಹಾರುವ ಕ್ಷಿಪಣಿಯನ್ನು ಮಾಡಿ ಇಟ್ಟುಕೊಳ್ಳುವುದನ್ನು ಅದು ತಡೆಯುವುದಿಲ್ಲ. ಪಾಲನೆಯನ್ನು ಪರೀಕ್ಷಿಸುವ ದಾರಿಯೂ ಅದರಲ್ಲಿ ಇಲ್ಲ. ಅಮೆರಿಕ ಇವೇ ಕಾರಣ ಹೇಳಿ ಬೇಡ ಅಂದಿತು.

ಅದಕ್ಕಿಂತ ದೊಡ್ಡ ತೊಡಕು ‘ಬಾಹ್ಯಾಕಾಶ ಆಯುಧ’ ಅಂದರೆ ಯಾವುದು ಅನ್ನುವುದು. 2022ರ ಜನವರಿಯಲ್ಲಿ ಚೀನಾದ ಶಿಜಿಯಾನ್-21 ಉಪಗ್ರಹ ಕೆಟ್ಟುನಿಂತ ಇನ್ನೊಂದು ಚೀನೀ ಉಪಗ್ರಹವನ್ನು ಹಿಡಿದು, ಎಳೆದುಕೊಂಡು ಹೋಗಿ, ದೂರದ ಕಕ್ಷೆಯಲ್ಲಿ ಬಿಟ್ಟು ಬಂತು. ಕಸ ಗುಡಿಸುವ ಒಳ್ಳೆಯ ಕೆಲಸ. 2020ರಲ್ಲಿ ಅಮೆರಿಕದ ಒಂದು ಖಾಸಗಿ ನೌಕೆ ಇಂಧನ ಮುಗಿಯುತ್ತಾ ಬಂದಿದ್ದ ಸಂಪರ್ಕ ಉಪಗ್ರಹಕ್ಕೆ ಅಂಟಿಕೊಂಡು ಅದರ ಆಯುಷ್ಯ ಹೆಚ್ಚಿಸಿತು. ಅದೂ ಒಳ್ಳೆಯ ಕೆಲಸವೇ. ಆದರೆ ಸತ್ತ ಉಪಗ್ರಹವನ್ನು ಹಿಡಿಯಬಲ್ಲದ್ದು ಬದುಕಿರುವುದನ್ನೂ ಹಿಡಿಯಬಲ್ಲದು. ಯಂತ್ರ ಒಂದೇ. ಯಾರ ಉಪಗ್ರಹದ ಹತ್ತಿರ, ಕೇಳಿ ಹೋಯಿತೋ ಕೇಳದೆ ಹೋಯಿತೋ ಅನ್ನುವುದರಲ್ಲಿ ಮಾತ್ರ ವ್ಯತ್ಯಾಸ.

ಅದಕ್ಕೇ ನಾನು ಹೇಳುವುದು, ಏನು ಇಟ್ಟಿದ್ದಾರೆ ಅಂತ ಹುಡುಕುತ್ತಾ ಕೂತರೆ ಕಾನೂನು ಮುಂದೆ ಹೋಗುವುದಿಲ್ಲ. ಏನು ಮಾಡುತ್ತಾರೆ ಅನ್ನುವುದಕ್ಕೆ ಕಟ್ಟು ಹಾಕಬೇಕು. 1972ರ ಆ ಸಾಲು ಮಾಡಿದ್ದು ಇದನ್ನೇ. 2022ರ ಏಪ್ರಿಲ್‌ನಲ್ಲಿ ಅಮೆರಿಕ ಇನ್ನು ಮುಂದೆ ಉಪಗ್ರಹ ಒಡೆಯುವ ಕ್ಷಿಪಣಿ ಪರೀಕ್ಷೆ ಮಾಡುವುದಿಲ್ಲ ಅಂತ ಘೋಷಿಸಿದ್ದೂ ಇದೇ ಥರದ್ದು. ಕ್ಷಿಪಣಿ ಇರಬಾರದು ಅನ್ನಲಿಲ್ಲ, ಚೂರು ಚೆಲ್ಲುವ ಪರೀಕ್ಷೆ ಬೇಡ ಅಂದಿತು. ಮುರಿದರೆ ರಾಡಾರ್‌ನಲ್ಲಿ ಎಲ್ಲರಿಗೂ ಕಾಣುತ್ತದೆ, ಮುಚ್ಚಿಡಲು ಆಗುವುದಿಲ್ಲ. ಅದೇ ಡಿಸೆಂಬರ್‌ನಲ್ಲಿ ಸಾಮಾನ್ಯ ಸಭೆ ಇದೇ ಮಾತಿನ ನಿರ್ಣಯಕ್ಕೆ ಮತ ಹಾಕಿತು. ಪರ 155, ವಿರೋಧ 9. ರಷ್ಯಾ, ಚೀನಾ ವಿರೋಧಿಸಿದವು, ಭಾರತ ತಟಸ್ಥವಾಗಿ ಉಳಿಯಿತು. ಮೂವತ್ತಕ್ಕೂ ಹೆಚ್ಚು ದೇಶಗಳು ತಾವೂ ಅಂಥ ಪರೀಕ್ಷೆ ಮಾಡುವುದಿಲ್ಲ ಅಂತ ಮಾತು ಕೊಟ್ಟಿವೆ. ಇದು ಕಟ್ಟುನಿಟ್ಟಿನ ಕಾನೂನಲ್ಲ, ಗೊತ್ತು. ಪರೀಕ್ಷೆಗಳನ್ನು ಮಾಡಿ ಮುಗಿಸಿದ ಮೇಲೆ ನಿಲ್ಲಿಸುವುದು ಅಮೆರಿಕಕ್ಕೆ ಸುಲಭ ಅನ್ನುವ ದೂರೂ ನ್ಯಾಯವಾದದ್ದೇ. ಆದರೂ ನನಗೆ ಭರವಸೆ ಇರುವುದು ಈ ದಾರಿಯ ಮೇಲೆ.

ಯುದ್ಧದ ಸಮಯದ ಬಗ್ಗೆಯೂ ಒಂದು ಮಾತು. ಮೂರನೇ ವಿಧಿಯ ಪ್ರಕಾರ ವಿಶ್ವಸಂಸ್ಥೆಯ ಸನ್ನದು ಬಾಹ್ಯಾಕಾಶಕ್ಕೂ ಅನ್ವಯಿಸುತ್ತದೆ. ಇನ್ನೊಬ್ಬರ ಉಪಗ್ರಹದ ಮೇಲೆ ಸುಮ್ನೆ ದಾಳಿ ಮಾಡುವ ಹಾಗಿಲ್ಲ. ಯುದ್ಧವೇ ಶುರುವಾದರೆ ಸೇನೆಯ ಗುರಿಗೂ ಜನಸಾಮಾನ್ಯರ ಆಸ್ತಿಗೂ ಭೇದ ಮಾಡಬೇಕು ಅನ್ನುವ ಯುದ್ಧದ ಕಾನೂನು ಅಲ್ಲೂ ನಡೆಯುತ್ತದೆ ಅನ್ನುವುದು ನನ್ನ ಗಟ್ಟಿ ನಿಲುವು. ಕಷ್ಟ ಏನೆಂದರೆ, ಒಂದೇ ಉಪಗ್ರಹ ಇಬ್ಬರಿಗೂ ಕೆಲಸ ಮಾಡುತ್ತದೆ. ಜಿಪಿಎಸ್ ಅಮೆರಿಕದ ಸೇನೆಯದು, ಆದರೆ ವಿಮಾನ, ಆಂಬುಲೆನ್ಸ್, ಬ್ಯಾಂಕುಗಳ ಗಡಿಯಾರ ಎಲ್ಲಕ್ಕೂ ಅದು ಬೇಕು. 2022ರ ಫೆಬ್ರವರಿ 24ರಂದು ರಷ್ಯಾದ ಸೇನೆ ಉಕ್ರೇನಿನೊಳಗೆ ನುಗ್ಗುವ ಹೊತ್ತಿಗೆ ವಯಾಸ್ಯಾಟ್ ಕಂಪನಿಯ ಉಪಗ್ರಹ ಜಾಲದ ಮೇಲೆ ಸೈಬರ್ ದಾಳಿ ಆಯಿತು. ಉಪಗ್ರಹಕ್ಕೆ ಏನೂ ಆಗಲಿಲ್ಲ, ನೆಲದ ಮೇಲಿನ ಮೋಡೆಮ್‌ಗಳು ಸತ್ತವು. ಆದರೆ ಯುದ್ಧಕ್ಕೆ ಸಂಬಂಧವೇ ಇಲ್ಲದ ಜರ್ಮನಿಯಲ್ಲಿ ಸುಮಾರು 5,800 ಗಾಳಿಯಂತ್ರಗಳ ದೂರ ನಿಯಂತ್ರಣ ಕಡಿದುಹೋಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ, ಯುದ್ಧಕ್ಕೆ ನೆರವಾಗುವ ಖಾಸಗಿ ಉಪಗ್ರಹಗಳೂ ಪ್ರತಿದಾಳಿಗೆ ನ್ಯಾಯಬದ್ಧ ಗುರಿ ಆಗಬಹುದು ಅಂತ ರಷ್ಯಾದ ಪ್ರತಿನಿಧಿ ವಿಶ್ವಸಂಸ್ಥೆಯಲ್ಲೇ ಹೇಳಿದರು. ಯುದ್ಧದ ಕಾನೂನಿನಲ್ಲಿ ಆ ವಾದಕ್ಕೆ ಸ್ವಲ್ಪ ಜಾಗ ಇದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆದರೆ ಹೊಡೆಯುವ ಮೊದಲು ಜನರಿಗೆ ಆಗುವ ಹಾನಿಯನ್ನು ತೂಗಿ ನೋಡಬೇಕು ಅನ್ನುವ ನಿಯಮವೂ ಅದೇ ಕಾನೂನಿನಲ್ಲಿದೆ. ದಶಕಗಟ್ಟಲೆ ಸುತ್ತುವ ಚೂರುಗಳನ್ನೂ ಆ ತಕ್ಕಡಿಯಲ್ಲಿ ಇಡಲೇಬೇಕು.

ಕೊನೆಗೆ, ಕೇಳುವವರು ಯಾರು? 1972ರ ಹೊಣೆಗಾರಿಕೆ ಒಪ್ಪಂದದ ಪ್ರಕಾರ ಉಪಗ್ರಹ ಭೂಮಿಗೆ ಬಿದ್ದು ಹಾನಿಯಾದರೆ ಹಾರಿಸಿದ ದೇಶ ಪರಿಹಾರ ಕೊಡಬೇಕು, ತಪ್ಪು ಇರಲಿ ಬಿಡಲಿ. 1978ರಲ್ಲಿ ಅಣು ರಿಯಾಕ್ಟರ್ ಹೊತ್ತಿದ್ದ ಸೋವಿಯತ್ ಉಪಗ್ರಹ ಕಾಸ್ಮಾಸ್-954 ಕೆನಡಾದ ಉತ್ತರದಲ್ಲಿ ಬಿತ್ತು. ಕೆನಡಾ ಸುಮಾರು 60 ಲಕ್ಷ ಕೆನಡಾ ಡಾಲರ್ ಕೇಳಿತು, 1981ರಲ್ಲಿ ಮಾತುಕತೆಯಲ್ಲಿ 30 ಲಕ್ಷಕ್ಕೆ ಇತ್ಯರ್ಥ ಆಯಿತು. ಕಕ್ಷೆಯಲ್ಲೇ ಹಾನಿಯಾದರೆ ಮಾತ್ರ ತಪ್ಪು ಯಾರದು ಅಂತ ತೋರಿಸಬೇಕು. ಇಪ್ಪತ್ತು ವರ್ಷದ ಮೇಲೆ ಬೆರಳುಗಾತ್ರದ ಚೂರೊಂದು ಬಡಿದರೆ ಅದು ಯಾರದು ಅಂತ ತೋರಿಸುವುದು ಹೇಗೆ?

ಕಾನೂನು ತೀರಾ ಸ್ಪಷ್ಟ ಇರುವ ಕಡೆಯೂ ಹೀಗೇ ಸಿಕ್ಕಿಕೊಳ್ಳುತ್ತದೆ. ರಷ್ಯಾ ಕಕ್ಷೆಯಲ್ಲಿ ಅಣ್ವಸ್ತ್ರ ಇಡುವ ತಯಾರಿ ಮಾಡುತ್ತಿದೆ ಅಂತ ಅಮೆರಿಕ 2024ರಲ್ಲಿ ಆರೋಪಿಸಿತು, ರಷ್ಯಾ ಅಲ್ಲಗಳೆಯಿತು. ನಾಲ್ಕನೇ ವಿಧಿಯನ್ನು ಪಾಲಿಸಿ ಅಂತ ನೆನಪಿಸುವ ನಿರ್ಣಯವನ್ನು ಅಮೆರಿಕ ಮತ್ತು ಜಪಾನ್ ಏಪ್ರಿಲ್ 24ರಂದು ಭದ್ರತಾ ಮಂಡಳಿಗೆ ತಂದವು. 13 ದೇಶಗಳು ಪರ, ಚೀನಾ ತಟಸ್ಥ, ರಷ್ಯಾ ವಿಟೋ. ಎಲ್ಲ ಥರದ ಆಯುಧಗಳನ್ನೂ ಸೇರಿಸಬೇಕಿತ್ತು ಅನ್ನುವುದು ರಷ್ಯಾ ಕೊಟ್ಟ ಕಾರಣ. 57 ವರ್ಷದ ಹಿಂದೆ ತಾನೇ ಸಹಿ ಹಾಕಿದ ಮಾತನ್ನು ಮತ್ತೊಮ್ಮೆ ಹೇಳಲು ಒಂದು ದೇಶ ಒಪ್ಪಲಿಲ್ಲ ಅನ್ನುವುದನ್ನು ಆವತ್ತು ಓದಿ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ನೀವೇ ಮೂಲ ಓದಬೇಕು ಅಂತಿದ್ದರೆ ಹೆದರಬೇಡಿ. 1967ರ ಒಪ್ಪಂದದಲ್ಲಿ ಇರುವುದು 17 ವಿಧಿಗಳು, ಕೆಲವೇ ಪುಟ. ಎಲ್ಲರೂ ನಾಲ್ಕನೆಯದರಿಂದ ಶುರುಮಾಡುತ್ತಾರೆ, ನೀವು ಒಂಬತ್ತನೆಯದರಿಂದ ಶುರುಮಾಡಿ. ಅದರ ಯಾವುದಾದರೂ ಸಾಲು ಅರ್ಥವಾಗದಿದ್ದರೆ ಇಲ್ಲೇ ಕೇಳಿ, ಕೂತು ಬರೆಯುತ್ತೇನೆ.